ಹಳೆಯ ಹಳಿದಾರಿಯಲ್ಲಿ ಮೊದಲು ಉದ್ಯಾನ ಬಂದರೆ ಆಮೇಲೆ ರೈಲನ್ನು ಬಿಟ್ಟುಕೊಳ್ಳುತ್ತಾರೆಯೇ?

ನಕ್ಷೆಪ್ರಿಯೆ (ಪ್ರಶ್ನೆ)

ನಗರ ಯೋಜನೆ ಓದುತ್ತಿದ್ದೇನೆ. ಮುಂದಿನ ವಾರ ತರಗತಿಯಲ್ಲಿ ಚರ್ಚೆಯಿದೆ. ನಗರದೊಳಗೆ ರೈಲು ನಿಂತುಹೋದ ಹಳಿದಾರಿಗಳನ್ನು ಏನು ಮಾಡಬೇಕು ಎಂಬುದು ವಿಷಯ. ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ‘ಮೂರೂ ಬೇಕು’ ಎಂಬ ಪಕ್ಷ: ಸಾರಿಗೆಯೂ ಇರಲಿ, ನಡೆಯುವವರಿಗೂ ಸೈಕಲ್‌ನವರಿಗೂ ಹಾದಿ ಇರಲಿ, ಉದ್ಯಾನವೂ ಇರಲಿ.

ಓದಿದಷ್ಟೂ ಅನುಮಾನ ಹೆಚ್ಚುತ್ತಿದೆ. ಯೋಜನಾ ವರದಿಗಳ ಚಿತ್ರಗಳಲ್ಲಿ ಒಂದು ಬದಿಗೆ ಟ್ರಾಮ್, ನಡುವೆ ಹಸಿರು, ಇನ್ನೊಂದು ಬದಿಗೆ ಸೈಕಲ್ ತುಳಿಯುವವರು ಕಾಣುತ್ತಾರೆ. ಆದರೆ ನ್ಯೂಯಾರ್ಕ್‌ನ ಹೈ ಲೈನ್ ಎಂಬ, ಕಂಬಗಳ ಮೇಲೆ ಹಾದುಹೋಗುವ ಹಳೆಯ ಉಕ್ಕಿನ ಹಳಿದಾರಿ 2009ರಲ್ಲಿ ತೆರೆದದ್ದು ಉದ್ಯಾನವಾಗಿ, ಇಂದಿಗೂ ಅದು ಉದ್ಯಾನವೇ. ಅಟ್ಲಾಂಟಾದ ಬೆಲ್ಟ್‌ಲೈನ್ ಹುಟ್ಟಿದ್ದೇ ರೈಲಿಗಾಗಿ. ನಗರವನ್ನು ಸುತ್ತುವರಿದ ಹಳೆಯ ಸರಕು ಮಾರ್ಗಗಳನ್ನು ಸೇರಿಸಿ ಸುಮಾರು 35 ಕಿಲೋಮೀಟರ್ ವರ್ತುಲದಲ್ಲಿ ಟ್ರಾಮ್‌ನಂಥ ಲಘು ರೈಲು ಓಡಿಸಬಹುದು ಎಂದು ರಯಾನ್ ಗ್ರಾವೆಲ್ 1999ರಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ಬರೆದರು. 2012ರಲ್ಲಿ ಅದರ ಪೂರ್ವ ಭಾಗದ ಹಾದಿ ತೆರೆಯಿತು, ಜನ ಮುಗಿಬಿದ್ದರು. ರೈಲು ಮಾತ್ರ ಇನ್ನೂ ಬಂದಿಲ್ಲ.

ಹಾದಿ ಮೊದಲು, ರೈಲು ಆಮೇಲೆ ಎನ್ನುವುದು ಎಲ್ಲಾದರೂ ನಿಜವಾಗಿ ನಡೆದಿದೆಯೇ? ಅಥವಾ ಅದು ರೈಲನ್ನು ನಯವಾಗಿ ಕೈಬಿಡುವ ಉಪಾಯವೇ?

ನೆರಳುದಾರಿ

ರೈಲು ಬರಲಿ ಎಂದು ಕಾಯುತ್ತಾ ಕುಳಿತರೆ ಹಳಿದಾರಿಯೇ ಉಳಿಯುವುದಿಲ್ಲ. ಪಾಳುಬಿದ್ದ ನೆಲ ಸುಮ್ಮನೆ ಪಾಳಾಗಿರುವುದಿಲ್ಲ. ಮೊದಲು ಕಸ ಬರುತ್ತದೆ, ಆಮೇಲೆ ಬೇಲಿ ಸರಿಯುತ್ತದೆ, ಆಮೇಲೆ ಯಾರದೋ ಗೋದಾಮು ಏಳುತ್ತದೆ. ಪ್ಯಾರಿಸ್‌ನಲ್ಲಿ ಬಾಸ್ತೀ ನಿಲ್ದಾಣದಿಂದ ಹೊರಡುತ್ತಿದ್ದ ವಿನ್ಸೆನ್ ಮಾರ್ಗ 1969ರಲ್ಲಿ ನಿಂತಿತು. 1993ರ ಹೊತ್ತಿಗೆ ಅದರ ಕಮಾನು ಸೇತುವೆಯ ಮೇಲೆ ತೋಟ ಬಂತು, ಕಮಾನುಗಳ ಕೆಳಗೆ ಈಗ ಕುಶಲಕರ್ಮಿಗಳ ಕಾರ್ಯಾಗಾರಗಳಿವೆ. ಹೈ ಲೈನ್‌ಗೆ ಮೊದಲು ದಾರಿ ತೋರಿಸಿದ್ದು ಅದೇ. ಅಲ್ಲಿ ಯಾರೂ ‘ರೈಲು ಎಲ್ಲಿ’ ಎಂದು ಅಳುತ್ತಿಲ್ಲ. ಉದ್ಯಾನ ಮಾಡಿ ಜನರ ಕಾಲು ಅಲ್ಲಿ ಬೀಳುವಂತೆ ಮಾಡಿ. ಮುಂದಿನದನ್ನು ಮುಂದಿನವರು ನೋಡಿಕೊಳ್ಳುತ್ತಾರೆ.

ಜಲ್ಲಿಕಲ್ಲು

ನೌಕರಿಯನ್ನೆಲ್ಲ ಹಳಿಯ ನಿರ್ವಹಣೆಯಲ್ಲೇ ಕಳೆದು ನಿವೃತ್ತನಾದವನು ನಾನು. ಆದ್ದರಿಂದ ನನ್ನ ಒಲವು ಯಾವ ಕಡೆ ಎಂದು ಬಿಡಿಸಿ ಹೇಳಬೇಕಿಲ್ಲ.

ನೆರಳುದಾರಿಯವರು ಪ್ಯಾರಿಸ್ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ಅಲ್ಲಿ ರೈಲು ಸಾಯಲಿಲ್ಲ, ದಾರಿ ಬದಲಿಸಿತು. 1969ರ ಡಿಸೆಂಬರ್‌ನಲ್ಲಿ ಬಾಸ್ತೀಗೆ ಬರುವ ರೈಲುಗಳು ನಿಂತವು. ಅದೇ ಡಿಸೆಂಬರ್‌ನಲ್ಲಿ ಅದೇ ಮಾರ್ಗದ ಹೊರಭಾಗ ಪ್ರಾದೇಶಿಕ ಮೆಟ್ರೋದ ಎ ಮಾರ್ಗಕ್ಕೆ ಸೇರಿ, ರೈಲು ಸುರಂಗದೊಳಗೆ ನಾಸಿಯೋಂ ನಿಲ್ದಾಣಕ್ಕೆ ಇಳಿಯಿತು. ಪ್ರಯಾಣಿಕರಿಗೆ ಮೊದಲಿಗಿಂತ ಒಳ್ಳೆಯ ಸೇವೆ ಸಿಕ್ಕಿದ ಮೇಲೆ ಉಳಿದ ಕಮಾನುಗಳು ತೋಟವಾದವು. ದಕ್ಷಿಣ ಕೊರಿಯಾದ ಸೋಲ್ ನಗರದ ಗ್ಯೊಂಗಿ ರೈಲು ಮಾರ್ಗದ ಉದ್ಯಾನವೂ ಹೀಗೆಯೇ. ರೈಲನ್ನು ನೆಲದಡಿಗೆ ಕಳುಹಿಸಿ, ಮೇಲೆ ಉಳಿದ ನೆಲದಲ್ಲಿ 6.3 ಕಿಲೋಮೀಟರ್ ಉದ್ದಕ್ಕೆ ಮರ ನೆಟ್ಟರು. ಇಂಥ ಕಡೆ ಉದ್ಯಾನಕ್ಕೆ ಕೈ ಮುಗಿಯುತ್ತೇನೆ, ತಕರಾರಿಲ್ಲ. ತಕರಾರು ಇರುವುದು ರೈಲಿಗೆ ಬೇರೆ ದಾರಿಯೇ ಇಲ್ಲದ ಕಡೆ ಇರುವ ಒಂದೇ ದಾರಿಯನ್ನು ಹೂದೋಟ ಮಾಡಿ ಕೈತೊಳೆದುಕೊಳ್ಳುವವರ ಜೊತೆ.

ಈಗ ಪ್ರಶ್ನೆಗೆ ಬರುತ್ತೇನೆ. ಹಾದಿ ಮೊದಲು, ರೈಲು ಆಮೇಲೆ ಎನ್ನುವುದು ಕೆಲಸ ಶುರುವಾಗುವಷ್ಟರ ಮಟ್ಟಿಗೆ ನಡೆದಿದೆ. ಅದಕ್ಕೆ ಎಷ್ಟು ಜಗಳ ಬೇಕಾಯಿತು ಎಂಬುದನ್ನೂ ತಿಳಿದುಕೊಳ್ಳಿ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಬೆಥೆಸ್ಡಾ ಮತ್ತು ಸಿಲ್ವರ್ ಸ್ಪ್ರಿಂಗ್ ನಡುವೆ ಹಳೆಯ ಸರಕು ಮಾರ್ಗವೊಂದಿತ್ತು. 1985ರಲ್ಲಿ ರೈಲು ನಿಂತಿತು. 1988ರಲ್ಲಿ ಮಾಂಟ್ಗೊಮೆರಿ ಕೌಂಟಿ ಅದನ್ನು ಕೊಂಡಿತು, ಮುಂದೆ ಸಾರಿಗೆಗೂ ಹಾದಿಗೂ ಬೇಕೆಂದೇ ಕೊಂಡಿತು. ರೈಲು ಬರುವವರೆಗೆ ಇರಲಿ ಎಂದು ಜಲ್ಲಿಪುಡಿ ಹಾಸಿದ ಹಾದಿ ಮಾಡಿದರು. ಅದರ ಅಧಿಕೃತ ಹೆಸರಿನಲ್ಲೇ ‘ತಾತ್ಕಾಲಿಕ’ ಎಂದಿತ್ತು. ಮರಗಳು ಎರಡೂ ಬದಿಯಿಂದ ಬಾಗಿ ಚಪ್ಪರವಾದವು, ಓಡುವವರು ಬಂದರು, ಮಕ್ಕಳ ಗಾಡಿ ತಳ್ಳುವವರು ಬಂದರು, ಹಿತ್ತಿಲಿನಿಂದ ನೇರವಾಗಿ ಹಾದಿಗೆ ಇಳಿಯುವ ಮನೆಗಳಾದವು. ಪರ್ಪಲ್ ಲೈನ್ ಎಂಬ ಲಘು ರೈಲಿನ ಯೋಜನೆ ನಿಜವಾಗಿ ಎದ್ದು ನಿಂತಾಗ ಅದೇ ಜನ ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ನ್ಯಾಯಾಧೀಶರು ಕೇಂದ್ರದ ಒಪ್ಪಿಗೆಯನ್ನು ತಡೆದರು, ಮರುವರ್ಷ ಮೇಲ್ಮನವಿಯಲ್ಲಿ ತಡೆ ತೆರವಾಯಿತು, 2017ರಲ್ಲಿ ಹಾದಿ ಮುಚ್ಚಿ ಮರ ಕಡಿದರು. ರೈಲು ಹೇಳಿದ ಕಾಲಕ್ಕೆ ಬಂತೇ? ಇಲ್ಲ. 2022ರಲ್ಲಿ ಓಡಬೇಕಿದ್ದದ್ದು ಓಡಲಿಲ್ಲ. ಹಾದಿಯಲ್ಲಿ ನಡೆಯುತ್ತಿದ್ದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಆ ನೆಲ ರೈಲನ್ನೂ ಮನಸ್ಸಿನಲ್ಲಿಟ್ಟು ಕೊಂಡ ನೆಲ. 1988ರ ಕಾಗದ ಇಲ್ಲದಿದ್ದರೆ ವಾದ ನಿಲ್ಲುತ್ತಲೇ ಇರಲಿಲ್ಲ.

ಕಾಗದದ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಬಹಳ ಕಡೆ ರೈಲು ಕಂಪನಿಗೆ ನೆಲದ ಒಡೆತನವೇ ಇರುವುದಿಲ್ಲ, ಹಾದುಹೋಗುವ ಹಕ್ಕು ಮಾತ್ರ ಇರುತ್ತದೆ. ಮಾರ್ಗವನ್ನು ‘ಕೈಬಿಟ್ಟಿದ್ದೇವೆ’ ಎಂದು ಬರೆದುಕೊಟ್ಟ ಕ್ಷಣ ಆ ಹಕ್ಕು ಹೋಗಿ, ನೆಲ ಅಕ್ಕಪಕ್ಕದ ಜಮೀನಿನವರ ಪಾಲಾಗಬಹುದು. ಉದ್ದನೆಯ ನೆಲದ ಪಟ್ಟಿ ನೂರು ತುಂಡಾಗುವುದು ಹೀಗೆ. ಇದನ್ನು ತಡೆಯಲು ಅಮೆರಿಕ 1983ರಲ್ಲಿ ಕಾನೂನು ತಿದ್ದಿತು: ಮುಂದೊಂದು ದಿನ ರೈಲು ಮರಳಬಹುದೆಂದು ಮಾರ್ಗವನ್ನು ಕಾದಿರಿಸಿ, ಅಲ್ಲಿಯವರೆಗೆ ಹಾದಿಯಾಗಿ ಬಳಸಿದರೆ ಅದನ್ನು ಕೈಬಿಟ್ಟಂತೆ ಎಣಿಸಬಾರದು. ಜಮೀನಿನವರು ಪ್ರಶ್ನಿಸಿದರು, 1990ರಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಜಮೀನಿನವರಿಗೆ ಪರಿಹಾರ ಕೊಡಬೇಕಾದ ಪ್ರಕರಣಗಳೂ ಇವೆ, ಅದು ನ್ಯಾಯವೇ. ನೀವು ಹೇಳಿದ ಹೈ ಲೈನ್ ಕೂಡ 2005ರಲ್ಲಿ ಇದೇ ಕಾನೂನಿನ ಆಸರೆಯಲ್ಲಿ ಉಳಿದದ್ದು. ಆ ಉಕ್ಕಿನ ಮೇಲೆ ಇನ್ನು ರೈಲು ಓಡುತ್ತದೆ ಎಂದು ನಾನಂತೂ ನಂಬುವುದಿಲ್ಲ. ಆದರೆ ಕಾಗದದಲ್ಲಿ ಅದು ಇಂದಿಗೂ ಹಳಿದಾರಿ.

ನನ್ನ ವಾದ ಇಷ್ಟೇ: ಮೇಲೆ ಏನು ಬೇಕಾದರೂ ಮಾಡಿ, ಪಟ್ಟಿಯನ್ನು ತುಂಡು ಮಾಡಬೇಡಿ, ಮತ್ತು ರೈಲಿನ ಹಕ್ಕನ್ನು ಮೊದಲ ದಿನವೇ ಬರೆದಿಡಿ. ಗುಜರಿಗೆಂದು ಒಂದು ಸೇತುವೆಯ ಗರ್ಡರ್ ಬಿಚ್ಚಿದರೂ ಸಾಕು, ಉಳಿದ ಹತ್ತು ಕಿಲೋಮೀಟರ್ ಇದ್ದೂ ಇಲ್ಲದಂತೆ.

ನಕ್ಷೆಪ್ರಿಯೆ

ತುಂಬಾ ಉಪಯೋಗವಾಯಿತು. ಆದರೆ ಮೂರೂ ಒಟ್ಟಿಗೆ ಹಿಡಿಸುವಷ್ಟು ಅಗಲ ಇರುತ್ತದೆಯೇ? ವರದಿಯ ಚಿತ್ರಗಳಲ್ಲಿ ಎಲ್ಲವೂ ಧಾರಾಳವಾಗಿ ಕಾಣುತ್ತದೆ.

ಜಲ್ಲಿಕಲ್ಲು

ಆ ಚಿತ್ರಗಳಲ್ಲಿ ಗಾಳಿಪಟ ಹಿಡಿದ ಮಗು ಇರುತ್ತದೆ, ಮೋರಿ ಇರುವುದಿಲ್ಲ.

ಜೋಡಿ ಹಳಿಯ ಲಘು ರೈಲಿಗೆ ಎಂಟೊಂಬತ್ತು ಮೀಟರ್ ಬೇಕು. ನಡೆಯುವವರೂ ಸೈಕಲ್‌ನವರೂ ಹಂಚಿಕೊಳ್ಳುವ ಹಾದಿಗೆ ಮೂರರಿಂದ ನಾಲ್ಕು. ನಡುವೆ ಬೇಲಿ, ಬದಿಗಳಲ್ಲಿ ಚರಂಡಿ. ನಿಲ್ದಾಣ ಬಂದ ಕಡೆ ಪ್ಲಾಟ್‌ಫಾರಂಗೆ ಇನ್ನಷ್ಟು. ಒಂಟಿ ಹಳಿಗೆಂದು ಕಟ್ಟಿದ ಒಡ್ಡಿನ ನೆತ್ತಿ ಇದಕ್ಕೆಲ್ಲ ಸಾಲದು. ಒಂಟಿ ಹಳಿ ಹಾಕಿ ಅಲ್ಲಲ್ಲಿ ರೈಲುಗಳು ದಾಟಿಕೊಳ್ಳಲು ಜೋಡಿ ಮಾಡಬಹುದು. ಅಥವಾ ಇಳಿಜಾರಿನ ಬುಡಕ್ಕೆ ತಡೆಗೋಡೆ ಕಟ್ಟಿ ನೆತ್ತಿ ಅಗಲಿಸಬಹುದು. ಗೋಡೆ ಎಂದ ಕೂಡಲೇ ಖರ್ಚು ಏರುತ್ತದೆ. ಹಾದಿಯ ದೃಷ್ಟಿಯಿಂದ ಒಂದು ಲಾಭ ಮಾತ್ರ ಪುಕ್ಕಟೆಯಾಗಿ ಸಿಗುತ್ತದೆ: ಸರಕು ರೈಲಿಗೆಂದು ಕಟ್ಟಿದ ದಾರಿಯಲ್ಲಿ ಏರಿಳಿತ ಬಹಳ ಕಡಿಮೆ, ಗಾಲಿಕುರ್ಚಿಯವರೂ ಸಲೀಸಾಗಿ ಹೋಗಬಹುದು.

ನೆಲದೊಳಗೇನಿದೆ ಎಂಬುದನ್ನೂ ನೋಡಬೇಕು. ಹಳಿಯ ಮೇಲೆ ಕಳೆ ಬೆಳೆಯದಂತೆ ಹಿಂದಿನ ಕಾಲದಲ್ಲಿ ಸುರಿಯುತ್ತಿದ್ದ ಔಷಧಗಳಲ್ಲಿ ಆರ್ಸೆನಿಕ್ ಇರುತ್ತಿತ್ತು. ಹಳಿಯಡಿಯ ಅಡ್ಡಮರಗಳಾದ ಸ್ಲೀಪರ್‌ಗಳಿಗೆ ಕ್ರಿಯೊಸೋಟ್ ಕುಡಿಸುತ್ತಿದ್ದರು, ಬಿಸಿಲಿಗೆ ಕರಗಿ ಕಪ್ಪಗೆ ಕೈಗೆ ಅಂಟುವ ಎಣ್ಣೆ. ಇವು ಜಲ್ಲಿಯ ಅಡಿಯ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಮಕ್ಕಳು ಆಡುವ ಹುಲ್ಲು ಹಾಸುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದರೆ ಕೆರೆದು ತೆಗೆಯಿರಿ ಅಥವಾ ದಪ್ಪಗೆ ಮುಚ್ಚಿರಿ.

ಇನ್ನು ಮೋರಿ, ಅಂದರೆ ಒಡ್ಡಿನ ಅಡಿಯಲ್ಲಿ ಮಳೆನೀರು ಹಾಯಿಸುವ ಕಿಂಡಿ. ರೈಲು ನಿಂತ ಮೇಲೆ ಅದರತ್ತ ಯಾರೂ ಬಗ್ಗಿ ನೋಡುವುದಿಲ್ಲ. ನಾನು ನೋಡಿದ್ದೇನೆ. ಒಡ್ಡಿನ ಬುಡಕ್ಕಿಳಿದು ಪೊದೆ ಸರಿಸಿದರೆ ಕಲ್ಲಿನ ಬಾಯಿ ಅರ್ಧ ಹೂಳಿನಲ್ಲಿ ಮುಚ್ಚಿರುತ್ತದೆ. ಆ ಬಾಯಿಯ ಪಕ್ಕದ ರೆಕ್ಕೆಗೋಡೆಯ ಸಂದಿನಲ್ಲಿ ಹಕ್ಕಿ ಹಾಕಿದ ಬೀಜ ಮೊಳೆತು, ಹೆಬ್ಬೆರಳಿನಷ್ಟಿದ್ದ ಬೇರು ತೊಡೆಯಷ್ಟಾಗಿ ಎರಡು ಕಲ್ಲುಗಳ ನಡುವೆ ಕೂತಿರುತ್ತದೆ. ಬೆರಳಿನಿಂದ ಕೆದಕಿದರೆ ಗಾರೆ ಒದ್ದೆ ಮರಳಿನ ಹಾಗೆ ಉದುರುತ್ತದೆ. ಮೇಲೆ ಹಸಿರು, ತಂಪು, ಬೆಂಚು. ಕೆಳಗೆ ಹೊರಬೀಳಲಾಗದ ನೀರು ಒಡ್ಡನ್ನು ನೆನೆಸುತ್ತಾ ಕೂತಿದೆ. ಒಂದು ಜೋರು ಮಳೆಗೆ ಕುಸಿದರೆ ಹಾದಿಯೂ ಹೋಯಿತು, ರೈಲಿನ ಮಾತೂ ಹೋಯಿತು. ಉದ್ಯಾನದ ಆಯವ್ಯಯದಲ್ಲಿ ಹೂಕುಂಡಕ್ಕೆ ಮುನ್ನ ಮೋರಿಗೆ ಹಣ ಇಡಿ ಎಂದರೆ ನಗುವವರೇ ಹೆಚ್ಚು.

ಬಸ್ಸಿನವ

ಎಲ್ಲರೂ ಹಳಿದಾರಿಯ ಮೇಲೆ ರೈಲು ಸಹಜ ಎಂದು ಒಪ್ಪಿಕೊಂಡೇ ಮಾತಾಡುತ್ತಿದ್ದೀರಿ. ಜನ ಅಲ್ಲಿದ್ದಾರೆಯೇ ಎಂದು ಯಾರೂ ಕೇಳಲಿಲ್ಲ. ಸರಕು ಮಾರ್ಗಗಳು ಹೋಗುವುದು ಕಾರ್ಖಾನೆ, ಗೋದಾಮುಗಳ ಹಿಂಬದಿಗೆ. ಪ್ಯಾರಿಸ್‌ಗೇ ಇನ್ನೊಂದು ಹಳಿದಾರಿಯಿದೆ, ಪೆತಿತ್ ಸಾಂತ್ಯೂರ್, ನಗರವನ್ನು ಸುತ್ತುವ 32 ಕಿಲೋಮೀಟರ್ ವರ್ತುಲ. ಹೆಚ್ಚಿನ ಭಾಗದಲ್ಲಿ 1934ರಲ್ಲೇ ಪ್ರಯಾಣಿಕರ ಸೇವೆ ನಿಂತಿತ್ತು. ಮುಂದೆ ವರ್ತುಲ ಟ್ರಾಮ್ ಬೇಕೆನಿಸಿದಾಗ ಸಿದ್ಧವಾಗಿದ್ದ ಆ ಮಾರ್ಗವನ್ನು ಬಿಟ್ಟು, ಪಕ್ಕದ ಹೆದ್ದಾರಿಯಂಥ ಬೀದಿಗಳಲ್ಲೇ ಹೊಸ ಹಳಿ ಹಾಕಿದರು. 2006ರಲ್ಲಿ ಓಡತೊಡಗಿದ ಟ್ರಾಮ್‌ ಅದು. ಬೀದಿಯಲ್ಲಾದರೆ ಅಂಗಡಿ, ಮನೆ, ಶಾಲೆಯ ಬಾಗಿಲಲ್ಲೇ ಇಳಿಯಬಹುದು. ಹಳೆಯ ಮಾರ್ಗವೋ ಎಷ್ಟೋ ಕಡೆ ತಗ್ಗಿನಲ್ಲಿ, ಸುರಂಗದಲ್ಲಿ.

ಬಾಡಿಗೆಯ ಮಾತನ್ನೂ ಯಾರೂ ಎತ್ತಿಲ್ಲ. ಬೆಲ್ಟ್‌ಲೈನ್ ಕಲ್ಪನೆ ಕೊಟ್ಟ ಗ್ರಾವೆಲ್ ಅವರೇ 2016ರಲ್ಲಿ ಅದರ ಪಾಲುದಾರ ಸಂಸ್ಥೆಯ ಮಂಡಳಿಯಿಂದ ಹೊರಬಂದರು. ಕೈಗೆಟಕುವ ಮನೆಗಳ ಬಗ್ಗೆ ಸಾಕಷ್ಟು ಗಮನ ಕೊಡುತ್ತಿಲ್ಲ ಎಂಬುದು ಅವರ ಆಕ್ಷೇಪ. ಹಾದಿ ಬಂತು, ಬಾಡಿಗೆ ಏರಿತು, ರೈಲು ಯಾರಿಗೆ ಬೇಕಿತ್ತೋ ಅವರು ದೂರ ಹೋದರು.

ಜಲ್ಲಿಕಲ್ಲು

ಬಾಡಿಗೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಹಾದಿ ತೆರೆಯುವ ಮೊದಲೇ, ನೆಲದ ಬೆಲೆ ಏರುವ ಮೊದಲೇ ಮನೆಗಳಿಗೆ ಜಾಗ ತೆಗೆದಿಡಬೇಕು ಎನ್ನುವುದು ಬಿಟ್ಟು.

ಪೆತಿತ್ ಸಾಂತ್ಯೂರ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಎಲ್ಲ ಹಳಿದಾರಿಯೂ ಪ್ರಯಾಣಿಕರಿಗೆ ಒದಗುವುದಿಲ್ಲ. ಆದರೆ ಅದರ ಮುಂದಿನ ಕಥೆ ನನ್ನ ಕಡೆಗಿದೆ. ಟ್ರಾಮ್ ಬೇರೆಡೆ ಹೋದ ಮೇಲೂ ಆ ಪಟ್ಟಿಯನ್ನು ಅವರು ಮಾರಿ ತಿನ್ನಲಿಲ್ಲ. ನಗರಸಭೆಯೂ ರೈಲ್ವೆಯೂ ಒಪ್ಪಂದ ಮಾಡಿಕೊಂಡು, ಮುಂದೆ ರೈಲಿಗೆ ಮರಳಿಸಲು ಸಾಧ್ಯವಾಗುವಂತೆ ಇಟ್ಟೇ ಅಲ್ಲಲ್ಲಿ ನಡಿಗೆಗೆ ತೆರೆದಿದ್ದಾರೆ. ಕೆಲವು ಕಡೆ ಹಳಿಯೂ ಹಾಗೆಯೇ ಇದೆ, ಪಕ್ಕದಲ್ಲಿ ಜನ ನಡೆಯುತ್ತಾರೆ.

ನಕ್ಷೆಪ್ರಿಯೆ

ಒಂದೇ ಒಂದು ಉದಾಹರಣೆ ಇಟ್ಟುಕೊಂಡು ಮಾತು ಶುರುಮಾಡಬೇಕೆಂದರೆ ಯಾವುದು?

ಜಲ್ಲಿಕಲ್ಲು

ಇಂಗ್ಲೆಂಡಿನ ಮ್ಯಾಂಚೆಸ್ಟರ್. ಅಮೆರಿಕದ ಉದಾಹರಣೆಗಳನ್ನು ಎದುರು ಪಕ್ಷದವರೂ ತರುತ್ತಾರೆ, ಇದನ್ನು ತರಲಾರರು. ಅಲ್ಲಿನ ಟ್ರಾಮ್ ಜಾಲ ಮೆಟ್ರೋಲಿಂಕ್ 1992ರಲ್ಲಿ ಶುರುವಾದದ್ದೇ ಬರಿ ಮತ್ತು ಆಲ್ಟ್ರಿಂಚಮ್ ಕಡೆಯ ಉಪನಗರ ರೈಲು ಮಾರ್ಗಗಳನ್ನು ಟ್ರಾಮ್‌ಗೆ ಬದಲಿಸಿ. ಆಮೇಲೆ ಮುಚ್ಚಿಹೋಗಿದ್ದ ಮಾರ್ಗಗಳಿಗೂ ಕೈಹಾಕಿದರು. ದಕ್ಷಿಣದಲ್ಲಿ ಸೇಂಟ್ ವರ್ಬರ್ಗ್ಸ್ ರೋಡ್ ಎಂಬ ನಿಲುಗಡೆಯಿದೆ, ಅಲ್ಲಿಗೆ ಟ್ರಾಮ್ ಬಂದದ್ದು 2011ರಲ್ಲಿ. 1967ರಲ್ಲಿ ಪ್ರಯಾಣಿಕರ ರೈಲು ನಿಂತಿದ್ದ ದಾರಿಯಲ್ಲೇ ಟ್ರಾಮ್ ಮುಂದುವರಿದು 2013ರಲ್ಲಿ ಈಸ್ಟ್ ಡಿಡ್ಸ್‌ಬರಿ ಮುಟ್ಟಿತು. ಅದೇ ನಿಲುಗಡೆಯ ಬಳಿ ಇನ್ನೊಂದು ಹಳೆಯ ಮಾರ್ಗ ಪೂರ್ವಕ್ಕೆ ಕವಲೊಡೆಯುತ್ತದೆ. ಅದು ಫ್ಯಾಲೋಫೀಲ್ಡ್ ಲೂಪ್, ನಡಿಗೆ ಮತ್ತು ಸೈಕಲ್ ಹಾದಿ. ಒಂದು ಕವಲಿನಲ್ಲಿ ಟ್ರಾಮ್, ಇನ್ನೊಂದರಲ್ಲಿ ಸೈಕಲ್. ಮೂರನ್ನೂ ಒಂದೇ ಪಟ್ಟಿಯಲ್ಲಿ ತುರುಕಬೇಕಿಲ್ಲ ಎಂಬುದನ್ನು ನಕ್ಷೆ ತೋರಿಸಿಯೇ ಹೇಳಬಹುದು. ಎದುರಿನವರು ಅಂದದ ಚಿತ್ರ ತಂದರೆ ಅದರ ಅಡ್ಡಕೊಯ್ತ ಕೇಳಿ, ಅಗಲವನ್ನು ಮೀಟರ್‌ಗಳಲ್ಲಿ ಹೇಳಲಿ.

ನೆರಳುದಾರಿ

ಎಲ್ಲ ಸರಿ. ರೈಲು ಬರಲು ಇಪ್ಪತ್ತು ವರ್ಷ ಹಿಡಿದರೆ ಅಲ್ಲಿಯವರೆಗೆ ಮರವನ್ನೇ ನೆಡಬಾರದೆನ್ನುತ್ತೀರಾ?

ಜಲ್ಲಿಕಲ್ಲು

ನೆಡಿ. ಆದರೆ ಪಟ್ಟಿಯ ಹೊರ ಅಂಚಿನಲ್ಲಿ, ಬೇಲಿಗೆ ಹತ್ತಿರವಾಗಿ, ಮೋರಿ ಮತ್ತು ಸೇತುವೆಗಳ ಆಧಾರಗೋಡೆಗಳಿಂದ ದೂರ. ಹಾದಿಯನ್ನೂ ಮೊದಲೇ ಒಂದು ಬದಿಗೆ ಸರಿಸಿ ಹಾಸಿ, ನಡುವೆ ಅಲ್ಲ. ಆಗ ಹಳಿ ಬಂದಾಗ ಅದನ್ನು ಕೀಳಬೇಕಾಗುವುದಿಲ್ಲ. ರೈಲಿಗೆ ಬಿಟ್ಟ ಒಂಬತ್ತು ಮೀಟರ್‌ನಲ್ಲಿ ಹುಲ್ಲು, ಹೂಗಿಡ, ಆಟದ ಬಯಲು ಏನಾದರೂ ಇರಲಿ. ಅದರ ಎರಡೂ ತುದಿಯಲ್ಲಿ ಕಲ್ಲು ನೆಟ್ಟು, ಇದು ರೈಲಿನ ಜಾಗ ಎಂದು ದೊಡ್ಡ ಅಕ್ಷರದಲ್ಲಿ ಕೊರೆಸಿ. ಬಣ್ಣದ ಫಲಕ ಬೇಡ, ಅದು ಎರಡು ಮಳೆಗಾಲಕ್ಕೆ ಅಳಿಸಿಹೋಗುತ್ತದೆ.