ಒಬ್ಬಳೇ ಕೂತು ರೋಲ್‌ಪ್ಲೇಯಿಂಗ್ ಗೇಮ್ ಆಡುವುದು ಹೇಗೆ? ಪಾತ್ರ ರೆಡಿ ಇದೆ, ಮುಂದೆ ಏನೂ ಆಗುತ್ತಿಲ್ಲ

ಅರ್ಧರಾತ್ರಿ:

ಮೊದಲೇ ಹೇಳಿಬಿಡುತ್ತೇನೆ, ಒಂದು ಪಾತ್ರವಾಗಿ ದಾಳ ಹಾಕುತ್ತಾ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಗೇಮ್ ನನಗೆ ಹೊಸದಲ್ಲ. ಒಬ್ಬಳೇ ಆಡುವುದು ಹೊಸದು. ಐದು ಜನರ ಗುಂಪಿತ್ತು ನಮ್ಮದು. ಒಬ್ಬರಿಗೆ ಮಗು ಆಯಿತು, ಒಬ್ಬರ ಪಾಳಿ ಬದಲಾಯಿತು, ಕೊನೆಗೆ ಕಥೆ ನಡೆಸುವ ಗೇಮ್ ಮಾಸ್ಟರೇ ಊರು ಬಿಟ್ಟರು. 'ಮುಂದಿನ ವಾರ ಸೇರೋಣ' ಅನ್ನುವ ಮೆಸೇಜ್ ಏಳು ತಿಂಗಳಿಂದ ಗ್ರೂಪ್‌ನಲ್ಲಿ ಹಾಗೇ ಕೂತಿದೆ.

ಸರಿ, ಸೋಲೋ ಆಡೋಣ ಅಂತ ಐರನ್‌ಸ್ವೋರ್ನ್ ಅನ್ನುವ ಆಟ ಇಳಿಸಿಕೊಂಡೆ. ಪಿಡಿಎಫ್ ಪುಕ್ಕಟೆ ಸಿಗುತ್ತದೆ, ಶುರು ಮಾಡುವವರಿಗೆ ಒಳ್ಳೆಯದು ಅಂತ ಕೇಳಿದ್ದೆ. ಮೂರು ಸಂಜೆ ಕೂತು ಪಾತ್ರ ಮಾಡಿದೆ. ಹೆಸರು ಮಿರೆನ್. ಅವಳ ಅಪ್ಪ ಯಾರು, ಕತ್ತಿ ಎಲ್ಲಿಂದ ಬಂತು, ತಂಗಿಯನ್ನು ಹೊತ್ತೊಯ್ದವನು ಯಾರು, ಯಾಕೆ, ಈಗ ಎಲ್ಲಿದ್ದಾನೆ, ಎಲ್ಲ ಬರೆದೆ. ನಾಲ್ಕು ಪುಟ. ನಕ್ಷೆಯನ್ನೂ ಬಿಡಿಸಿದೆ, ಬಣ್ಣ ಹಾಕಿ.

ನಾಲ್ಕನೇ ಸಂಜೆ ಆಟ ಶುರು. ಹತ್ತು ನಿಮಿಷದಲ್ಲಿ ಮುಗಿಯಿತು. ಮಿರೆನ್ ಸಾಯಲಿಲ್ಲ, ನನಗೇ ಬೇಜಾರಾಯಿತು. ಬಾಗಿಲ ಹಿಂದೆ ಕಳ್ಳನನ್ನು ನಿಲ್ಲಿಸಿದವಳು ನಾನೇ, ಆ ಬಾಗಿಲು ತೆರೆದು ಬೆಚ್ಚಿಬೀಳಬೇಕಾದವಳೂ ನಾನೇ. ಒಬ್ಬಳೇ ಕಣ್ಣಾಮುಚ್ಚಾಲೆ ಆಡಿದ ಹಾಗೆ. ದಾಳವನ್ನು ಪ್ರಶ್ನೆ ಕೇಳಬೇಕು ಅಂತಾರೆ. ಕೇಳಿದೆ. 'ಇಲ್ಲ' ಅಂತ ಬಂತು. ನನಗೆ 'ಹೌದು' ಬೇಕಿತ್ತು, ಇನ್ನೊಮ್ಮೆ ಹಾಕಿದೆ. ಹಾಕಿದ ತಕ್ಷಣ ನಾಚಿಕೆಯಾಗಿ ಎಲ್ಲ ಎತ್ತಿಟ್ಟೆ.

ಇದು ನನ್ನಂಥವರಿಗೆ ಒಗ್ಗುವುದಿಲ್ಲವೋ, ಇಲ್ಲಾ ನಾನೇ ಏನೋ ತಪ್ಪು ಮಾಡುತ್ತಿದ್ದೇನೋ? ನೀವೆಲ್ಲ ನಿಜಕ್ಕೂ ಹೇಗೆ ಆಡುತ್ತೀರಿ ಹೇಳಿ. ಎಷ್ಟು ಬರೆಯುತ್ತೀರಿ ಅನ್ನುವುದನ್ನೂ ಹೇಳಿ. ಕೆಲವರು ಕಾದಂಬರಿಯನ್ನೇ ಬರೆದಿರುವುದು ನೋಡಿ ಭಯವಾಯಿತು.

ಹಳೇದಾಳ:

ತಪ್ಪು ಆಗಿರುವುದು ನಾಲ್ಕನೇ ಸಂಜೆ ಅಲ್ಲ. ಮೊದಲ ಮೂರು ಸಂಜೆ.

ಬೈಯುತ್ತಿಲ್ಲ. ನಾನು ಮೊದಲ ಸಲ ಹನ್ನೊಂದು ಪುಟ ಬರೆದಿದ್ದೆ. ಒಂದು ರಾಜವಂಶ, ಮೂರು ಧರ್ಮ, ಒಂದು ಕ್ಯಾಲೆಂಡರ್. ಆ ಲೋಕದಲ್ಲಿ ಒಟ್ಟು ಆಡಿದ್ದು ಒಂದೇ ದೃಶ್ಯ. ಅದರಲ್ಲಿ ನನ್ನ ಹೀರೋ ಒಂದು ಬಾಗಿಲು ತಟ್ಟಿದ, ಅಷ್ಟೇ. ಕ್ಯಾಲೆಂಡರ್ ಮಾತ್ರ ಬಹಳ ಚೆನ್ನಾಗಿತ್ತು.

ಗುಂಪಿನಲ್ಲಿ ಆಡುವಾಗ ನಿಮಗೆ ಗೊತ್ತಿಲ್ಲದ್ದು ಗೇಮ್ ಮಾಸ್ಟರ್‌ಗೆ ಗೊತ್ತಿರುತ್ತದೆ. ಒಬ್ಬರೇ ಆಡುವಾಗ ಹಾಗೆ ಗೊತ್ತಿರುವವರು ಯಾರೂ ಇಲ್ಲ. ದಾಳ ಹಾಕಿ ಉತ್ತರ ನೋಡುವ ಒರಾಕಲ್ ಟೇಬಲ್‌ಗೂ ಏನೂ ಗೊತ್ತಿಲ್ಲ, ಅದು ಬರೀ ನಂಬರ್. ಹಾಗಾಗಿ ಗೊತ್ತಿಲ್ಲದ ಜಾಗವನ್ನು ನೀವೇ ಖಾಲಿ ಬಿಟ್ಟುಕೊಳ್ಳಬೇಕು. ತಂಗಿಯನ್ನು ಹೊತ್ತೊಯ್ದವನು ಯಾರು, ಎಲ್ಲಿದ್ದಾನೆ ಅಂತ ಗೊತ್ತಿದ್ದರೆ ಹುಡುಕುವುದು ಏನನ್ನು? ತಂಗಿ ಕಾಣೆಯಾಗಿದ್ದಾಳೆ. ಅಲ್ಲಿಗೆ ಪೆನ್ಸಿಲ್ ಕೆಳಗಿಡಿ.

ಪ್ರಶ್ನೆ ಕೇಳುವುದೂ ಹಾಗೇ. ಉತ್ತರ ತಲೆಗೆ ಬರುವ ಮೊದಲೇ ಕೇಳಿ. ನನ್ನ ನೋಟ್‌ಬುಕ್‌ನಿಂದ ಒಂದು ರಾತ್ರಿಯ ಆಟ ಹೇಳುತ್ತೇನೆ, ಇದೂ ಐರನ್‌ಸ್ವೋರ್ನೇ. ಕಾಡಿನಲ್ಲಿ ಒಂದು ಗುಡಿಸಲು. ಒಳಗೆ ಯಾರಾದರೂ ಇದ್ದಾರಾ? ಇರುವ ಸಾಧ್ಯತೆ ಜಾಸ್ತಿ ಅನ್ನಿಸಿತು. ಹಾಗನ್ನಿಸಿದರೆ ನೂರರ ದಾಳದಲ್ಲಿ 26 ಅಥವಾ ಅದಕ್ಕಿಂತ ಮೇಲೆ ಬಂದರೆ 'ಹೌದು'. ಅರ್ಧಕ್ಕರ್ಧ ಆದರೆ 51 ಬೇಕು, ಅನುಮಾನ ಆದರೆ 76. ನನಗೆ ಬಂದದ್ದು 19. ಯಾರೂ ಇಲ್ಲ. ಒಲೆ ಬಿಸಿ ಇದೆಯಾ? ಅರ್ಧಕ್ಕರ್ಧ. 88. ಇದೆ. ಅಂದರೆ ಯಾರೋ ಈಗ ತಾನೇ ಎದ್ದು ಹೋಗಿದ್ದಾರೆ.

ಅಲ್ಲಿಗೆ ಹೌದು-ಇಲ್ಲ ನಿಲ್ಲಿಸಿ ಪದಗಳ ಟೇಬಲ್ ತೆಗೆದೆ. ಒಂದರಲ್ಲಿ ಕ್ರಿಯೆ, ಇನ್ನೊಂದರಲ್ಲಿ ವಿಷಯ, ಎರಡರಲ್ಲೂ ನೂರರ ದಾಳ. 'ಕಾಯುವುದು', 'ಗುಟ್ಟು' ಅಂತ ಬಂತು. ಹೊಳೆದದ್ದು ಒಂದು ನಾಯಿ. ಆದರೆ ಬಾಗಿಲು ಕಾಯುವ ನಾಯಿ ಅಲ್ಲ. ಅಪರಿಚಿತ ಒಳಗೆ ಬಂದರೂ ಬೊಗಳುತ್ತಿಲ್ಲ. ನೆಲದ ಒಂದು ಹಲಗೆಯ ಮೇಲೆ ಕೂತಿದೆ, ಏಳುತ್ತಿಲ್ಲ.

ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಐದು ನಿಮಿಷದ ಹಿಂದೆ ಆ ನಾಯಿ ನನ್ನ ತಲೆಯಲ್ಲಿ ಇರಲಿಲ್ಲ. ಟೇಬಲ್‌ನಲ್ಲೂ ಇರಲಿಲ್ಲ. ಆರು ವರ್ಷದಿಂದ ಒಬ್ಬನೇ ಆಡುತ್ತಿರುವುದು ಇಂಥ ನಾಯಿಗಳಿಗಾಗಿ.

ಎರಡನೇ ಸಲ ದಾಳ ಹಾಕಿದ್ದಕ್ಕೆ ನಾಚಿಕೆ ಯಾಕೆ, ನೋಡುವವರು ಯಾರಿದ್ದಾರೆ? ಆದರೆ ಅದರಲ್ಲಿ ಒಂದು ಸುಳಿವಿದೆ. 'ಹೌದು' ಬೇಕೇ ಬೇಕು ಅನ್ನಿಸಿದರೆ ಕೇಳಲೇಬೇಡಿ, ಹೌದು ಅಂದುಕೊಂಡು ಮುಂದೆ ಹೋಗಿ. ಎರಡು ಉತ್ತರವೂ ಒಪ್ಪಿಗೆ ಇದ್ದಾಗ ಮಾತ್ರ ದಾಳ ಮುಟ್ಟಿ. ಬಾಗಿಲಿಗೆ ಚಿಲಕ ಇದೆಯಾ, ಚಿಲಕಕ್ಕೆ ತುಕ್ಕು ಹಿಡಿದಿದೆಯಾ ಅಂತೆಲ್ಲ ಕೇಳುತ್ತಾ ಹೋದರೆ ರಾತ್ರಿ ಚಿಲಕದಲ್ಲೇ ಕಳೆಯುತ್ತದೆ. ಒಂದು ದೃಶ್ಯಕ್ಕೆ ಎರಡು ಮೂರು ಪ್ರಶ್ನೆ ಸಾಕು.

ಮಿಸ್ ಬಂದಾಗ ಏನು ಮಾಡಿದಿರಿ ಅಂತ ನೀವು ಬರೆದಿಲ್ಲ. ಆರು ಮುಖದ ದಾಳಕ್ಕೆ ನಿಮ್ಮ ಪಾತ್ರದ ಗುಣದ ಅಂಕ ಕೂಡಿಸಿ, ಎರಡು ಹತ್ತು ಮುಖದ ದಾಳಗಳ ಎದುರು ಹಿಡಿಯುತ್ತೀರಲ್ಲ, ಎರಡನ್ನೂ ಮೀರಿದರೆ ಸ್ಟ್ರಾಂಗ್ ಹಿಟ್, ಒಂದನ್ನು ಮಾತ್ರ ಮೀರಿದರೆ ವೀಕ್ ಹಿಟ್, ಒಂದನ್ನೂ ಮೀರದಿದ್ದರೆ ಮಿಸ್. ಸರಿಸಮ ಬಂದರೆ ಮೀರಿದ ಹಾಗಲ್ಲ. ಮಿಸ್ ಆಯಿತು, ಬೀಗ ತೆರೆಯಲಿಲ್ಲ ಅಂತ ಬರೆದರೆ ಆಟ ಅಲ್ಲೇ ಕುಸಿದು ಕೂರುತ್ತದೆ. ಬೀಗ ತೆರೆಯಿತು, ಆದರೆ ಒಳಗಿದ್ದವರಿಗೆ ಎಚ್ಚರವಾಯಿತು ಅಂತ ಬರೆಯಿರಿ.

ಬರೆಯುವುದು ದೃಶ್ಯಕ್ಕೆ ಮೂರು ಸಾಲು. ನನ್ನ ಪುಸ್ತಕದಲ್ಲಿ ಆ ಇಡೀ ರಾತ್ರಿ ಇರುವುದು ಹೀಗೆ: 'ಗುಡಿಸಲು. ಒಲೆ ಬಿಸಿ. ನಾಯಿ ಹಲಗೆ ಬಿಡುತ್ತಿಲ್ಲ.' ಕಾದಂಬರಿ ಬರೆಯುವವರು ಬರೆಯಲಿ, ಅವರ ಖುಷಿ ಬೇರೆ.

ಚೌಕಳಿಪುಟ:

ಮೇಲೆ ಹೇಳಿದ್ದೆಲ್ಲ ಸರಿ, ಆದರೆ ನಾಯಿ ಎಲ್ಲರಿಗೂ ಬರುವುದಿಲ್ಲ ಸ್ವಾಮಿ. ನನಗಂತೂ ಬರುವುದಿಲ್ಲ. 'ಕಾಯುವುದು', 'ಗುಟ್ಟು' ಅಂತ ಎರಡು ಪದ ಕೊಟ್ಟರೆ ಗೋಡೆ ನೋಡುತ್ತಾ ಕೂರುತ್ತೇನೆ. ದಿನವಿಡೀ ದುಡಿದು ಬಂದ ತಲೆಗೆ ಇನ್ನೊಂದು ಪರೀಕ್ಷೆ.

ನನ್ನಂಥವರಿಗೆ ಫೋರ್ ಅಗೇನ್‌ಸ್ಟ್ ಡಾರ್ಕ್‌ನೆಸ್ ಇದೆ. ಎರಡು ಆರು ಮುಖದ ದಾಳ, ಪೆನ್ಸಿಲ್, ಚೌಕಳಿ ಕಾಗದ, ಮುಗಿಯಿತು. ಎಂಟು ಬಗೆಯ ಪಾತ್ರಗಳಿವೆ, ನಾಲ್ವರನ್ನು ಆರಿಸಿಕೊಂಡು ನೆಲಮಾಳಿಗೆಗೆ ಇಳಿಸಿ. ಒಂದು ದಾಳ ಹತ್ತರ ಸ್ಥಾನ, ಇನ್ನೊಂದು ಬಿಡಿ ಸ್ಥಾನ. 11ರಿಂದ 66ರ ತನಕ 36 ಕೋಣೆಗಳ ಆಕಾರ. ಬಂದ ಆಕಾರ ಬಿಡಿಸಿ. ಒಳಗೆ ಏನಿದೆ ಅನ್ನುವುದಕ್ಕೆ ಮತ್ತೆ ಹಾಕಿ. ಬಾಗಿಲ ಹಿಂದೆ ಯಾರನ್ನೂ ನೀವು ನಿಲ್ಲಿಸಬೇಕಾಗಿಲ್ಲ, ಟೇಬಲ್ ನಿಲ್ಲಿಸುತ್ತದೆ. ಕಥೆ ಹೇಳುವ ಹಂಗೇ ಇಲ್ಲ. ಆದರೂ ಕಥೆ ಆಗುತ್ತದೆ ನೋಡಿ. ಮೊದಲ ಆಟದಲ್ಲಿ ನನ್ನ ಮಂತ್ರವಾದಿ ಮೂರನೇ ಕೋಣೆಯಲ್ಲಿ ಇಲಿಗಳಿಗೆ ಬಲಿಯಾದ. ಉಳಿದ ಮೂವರು ಮುಂದೆ ಯಾವ ಆಟದಲ್ಲೂ ಮಂತ್ರವಾದಿಯನ್ನು ಮುಂದೆ ನಡೆಯಲು ಬಿಟ್ಟಿಲ್ಲ. ಅದನ್ನು ನಾನು ಎಲ್ಲೂ ಬರೆದಿಟ್ಟಿಲ್ಲ, ಆದರೆ ಮರೆತೂ ಇಲ್ಲ.

ಇನ್ನು ಒಬ್ಬರೇ ಆಡುವುದು ಗೆಳೆಯರಿಲ್ಲದವರ ಗತಿ ಅಂತ ಯಾರಾದರೂ ಅಂದರೆ ಇದನ್ನು ಹೇಳಿ. ಈ ಹವ್ಯಾಸ ಶುರು ಮಾಡಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದದ್ದು 1974ರಲ್ಲಿ. ಮರುವರ್ಷವೇ, 1975ರಲ್ಲಿ, ಅದನ್ನು ಮಾಡಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಒಬ್ಬರೇ ನೆಲಮಾಳಿಗೆ ಸುತ್ತಲು ಟೇಬಲ್‌ಗಳನ್ನು ಪತ್ರಿಕೆಯಲ್ಲಿ ಹಾಕಿದ್ದರು. ಈ ಹವ್ಯಾಸದಷ್ಟೇ ಹಳೆಯದು ಇದು.

ಮಂಜುಹನಿ:

ಹೊಸ ಆಟ ಕಲಿಯುವ ಗೋಜೇ ಯಾಕೆ? ನಿಮ್ಮ ಗುಂಪು ಆಡುತ್ತಿದ್ದ ಆಟದ ನಿಯಮ ನಿಮಗೆ ಬಾಯಿಪಾಠ ಇರುತ್ತದೆ. ಅದನ್ನೇ ಇಟ್ಟುಕೊಂಡು ಗೇಮ್ ಮಾಸ್ಟರ್ ಜಾಗದಲ್ಲಿ ಮಿಥಿಕ್ ಅನ್ನುವ ಪುಸ್ತಕ ಕೂರಿಸಿ. 2003ರಲ್ಲಿ ಬಂದದ್ದು, 2023ರಲ್ಲಿ ಎರಡನೇ ಆವೃತ್ತಿ ಬಂತು. ಅದನ್ನೇ ಒಂದು ಆಟವಾಗಿ ಆಡಬೇಕಿಲ್ಲ, ಯಾವ ಆಟದ ಮೇಲಾದರೂ ಹೊದಿಸಬಹುದಾದ ಒಂದು ಪದರ.

ಬಾಗಿಲ ಹಿಂದಿನ ಕಳ್ಳನಿಗೆ ಅದರಲ್ಲಿ ನೇರ ಮದ್ದಿದೆ. ಗಲಾಟೆ ಅಳೆಯುವ ಒಂದು ಸಂಖ್ಯೆ ಇರುತ್ತದೆ, 1ರಿಂದ 9, ಶುರು 5ರಲ್ಲಿ. ದೃಶ್ಯ ಕೈಮೀರಿದರೆ ಒಂದು ಹೆಚ್ಚುತ್ತದೆ, ಹಿಡಿತದಲ್ಲಿದ್ದರೆ ಒಂದು ಇಳಿಯುತ್ತದೆ. ಮುಂದಿನ ದೃಶ್ಯ ಹೀಗಿರುತ್ತದೆ ಅಂತ ನೀವು ಅಂದುಕೊಳ್ಳಿ, ಆಮೇಲೆ ಹತ್ತು ಮುಖದ ದಾಳ ಹಾಕಿ. ಆ ಸಂಖ್ಯೆಗಿಂತ ಜಾಸ್ತಿ ಬಂದರೆ ಅಂದುಕೊಂಡ ಹಾಗೇ. ಅಷ್ಟೇ ಅಥವಾ ಕಡಿಮೆ ಬಂದು ಬೆಸ ಆಗಿದ್ದರೆ ದೃಶ್ಯ ಸ್ವಲ್ಪ ಬದಲಾಗುತ್ತದೆ, ಸಮ ಆಗಿದ್ದರೆ ಬೇರೆಯದೇ ಏನೋ ನುಗ್ಗುತ್ತದೆ. ಕಳ್ಳನನ್ನು ನೀವು ನಿಲ್ಲಿಸಿರಬಹುದು, ಬಾಗಿಲು ತೆರೆದಾಗ ಅವನೇ ಇರುತ್ತಾನೆ ಅಂತ ಗ್ಯಾರಂಟಿ ಇಲ್ಲ.

ಒಂದು ಎಚ್ಚರಿಕೆ. ನಾಲ್ಕೈದು ಜನರಿಗೆ ಅಂತ ಬರೆದ ಹೊಡೆದಾಟಕ್ಕೆ ಒಬ್ಬಳನ್ನು ಕಳಿಸಿದರೆ ಎರಡೇ ಸುತ್ತು. ಜೊತೆಗೆ ಒಬ್ಬ ಸಹಾಯಕನನ್ನು ಕೊಡಿ, ಇಲ್ಲಾ ಶತ್ರುಗಳನ್ನು ಕಡಿಮೆ ಮಾಡಿ.

ಅರ್ಧರಾತ್ರಿ:

ಎಲ್ಲರಿಗೂ ಥ್ಯಾಂಕ್ಸ್. ಹಳೇದಾಳ ಅವರೇ, ಆ ಹಲಗೆ ಕೆಳಗೆ ಏನಿತ್ತು?

ಹಳೇದಾಳ:

ಇನ್ನೂ ನೋಡಿಲ್ಲ. ನಾಯಿ ಏಳಲಿಲ್ಲ, ಎಬ್ಬಿಸಲು ನನಗೂ ಮನಸ್ಸಾಗಲಿಲ್ಲ.

ಅರ್ಧರಾತ್ರಿ:

ಒಂಬತ್ತು ದಿನದ ಮೇಲೆ ವರದಿ ಒಪ್ಪಿಸುತ್ತಿದ್ದೇನೆ.

ಮಿರೆನ್‌ಳ ನಾಲ್ಕು ಪುಟ ಡ್ರಾಯರ್ ಸೇರಿತು. ಹರಿಯಲು ಕೈ ಬರಲಿಲ್ಲ, ನಕ್ಷೆ ಚೆನ್ನಾಗಿದೆ. ಹೊಸ ಪಾತ್ರ ಹತ್ತು ನಿಮಿಷದಲ್ಲಿ ಆಯಿತು. ಐದು ಗುಣಗಳಿಗೆ 3, 2, 2, 1, 1 ಹಂಚಿದೆ, ಹೆಸರು ಓರ್ಲಾ ಅಂತ ಇಟ್ಟೆ. ಅವಳ ಬಗ್ಗೆ ಬರೆದದ್ದು ಒಂದೇ ಸಾಲು: 'ಹಳ್ಳಿಯ ಗಂಟೆಯನ್ನು ಕದ್ದು ಓಡುತ್ತಿದ್ದಾಳೆ.' ಯಾಕೆ ಕದ್ದಳು ಅಂತ ಬರೆಯಲು ಕೈ ತುರಿಸುತ್ತಿತ್ತು. ಪೆನ್ಸಿಲ್ ಕೆಳಗಿಟ್ಟೆ.

ಮೊದಲ ಸಂಜೆ ಹೊಳೆ ದಾಟಲು ದಾಳ ಹಾಕಿದೆ, ಮಿಸ್. ದಡ ಸೇರಿದಳು, ಊಟದ ಗಂಟು ನೀರುಪಾಲು. ಎರಡನೇ ಸಂಜೆ ಒಬ್ಬ ಮುದುಕಿ ಸಿಕ್ಕಳು. ಗಂಟೆ ನೋಡಿದ ಕೂಡಲೇ ಕಿವಿ ಮುಚ್ಚಿಕೊಂಡಳು. ಅದು ಮೊಳಗುತ್ತಲೂ ಇರಲಿಲ್ಲ! ಎರಡು ಪದದ ಟೇಬಲ್ ತೆಗೆಯಲೇ ಇಲ್ಲ, ಮುದುಕಿ ತಾನಾಗಿ ಹಾಗೆ ಮಾಡಿದಳು. ನಿಮ್ಮ ನಾಯಿ ಈಗ ಅರ್ಥವಾಯಿತು. ಚೌಕಳಿಪುಟ ಅವರ ಆಟವನ್ನೂ ಒಂದು ರಾತ್ರಿ ಆಡಿದೆ. ಮಂತ್ರವಾದಿಯನ್ನು ಹಿಂದೆ ನಿಲ್ಲಿಸಿದ್ದೆ, ಶತ್ರುಗಳು ಹಿಂದಿನಿಂದಲೇ ಬಂದರು.

ಈಗ ಒಂದು ಸಣ್ಣ ನಿಯಮದ ಪ್ರಶ್ನೆ. ನಿನ್ನೆ ಮೂರನೇ ದಿನದ ಪ್ರಯಾಣ. ಊರಿನವರು ಯಾರಾದರೂ ಹಿಂದೆ ಬರುತ್ತಿದ್ದಾರಾ ಅಂತ ಕೇಳಿದೆ. ಸಾಧ್ಯತೆ ಜಾಸ್ತಿ ಅಂತ ಇಟ್ಟೆ. 22 ಬಂತು. 26 ಆಗದ ಕಾರಣ 'ಇಲ್ಲ', ಅದು ಗೊತ್ತು. ಆದರೆ ಎರಡೂ ಅಂಕಿ ಒಂದೇ ಬಂದರೆ ಏನೋ ವಿಶೇಷ ಇದೆ ಅಂತ ಓದಿದ ನೆನಪು.

ಹಳೇದಾಳ:

ಹೌದು, ಅದು ಮ್ಯಾಚ್. ಒರಾಕಲ್‌ನಲ್ಲಿ ಮ್ಯಾಚ್ ಬಂದರೆ ಉತ್ತರವನ್ನು ಅದರ ತುದಿಗೆ ಒಯ್ಯಿರಿ, ಇಲ್ಲಾ ಒಂದು ತಿರುವು ಕೊಡಿ. ಸುಮ್ನೆ 'ಇಲ್ಲ' ಅಂತ ಬಿಡಬೇಡಿ.

ಅರ್ಧರಾತ್ರಿ:

ತುದಿಗೆ ಅಂದರೆ ಒಬ್ಬರೂ ಬಂದಿಲ್ಲ. ಇಡೀ ಹಳ್ಳಿಯಲ್ಲಿ ಒಬ್ಬರೂ ಗಂಟೆ ಹುಡುಕಿಕೊಂಡು ಹೊರಟೇ ಇಲ್ಲ. ಮೂರು ದಿನ ಆಯಿತಲ್ಲ.

ಓರ್ಲಾ ಮುಂದಿನ ಊರಿಗೆ ಹೋಗಬೇಕಿತ್ತು. ಇವತ್ತು ರಾತ್ರಿ ವಾಪಸ್ ತಿರುಗಿಸುತ್ತೇನೆ.