ಮೊದಲು ವೇನ್ ನೋಡು, ಆಮೇಲೆ ಬೈಪಾಸ್ ಬೈಯಿ

ಗುಂಪು: ಹಾಸನ–ಚಿಕ್ಕಮಗಳೂರು ಬ್ಯಾಚ್
ಭಾನುವಾರ

ಮಂಜ ಸಕಲೇಶಪುರ, 7:12
[ಫಾರ್ವರ್ಡ್] ಕಾಲಿನ ರಕ್ತನಾಳದ ಬ್ಲಾಕ್‌ಗೆ ಬೈಪಾಸ್ (ಬೇರೆ ನಾಳ ಹೊಲಿದು ಸುತ್ತುದಾರಿ ಮಾಡೋ ಆಪರೇಷನ್) ಮಾಡಿಸಿಕೊಂಡವರಲ್ಲೇ ಹೆಚ್ಚು ಸಾವು! ಬಲೂನ್ (ನಾಳದ ಒಳಗಿಂದಲೇ ಬ್ಲಾಕ್ ಹಿಗ್ಗಿಸೋದು) ಹಾಕಿಸಿಕೊಂಡವರು ಸೇಫ್. ಬ್ರಿಟನ್ ವೈದ್ಯರ ಅಧ್ಯಯನ. ಎಲ್ಲರಿಗೂ ತಲುಪಿಸಿ 🙏

ಮಂಜ ಸಕಲೇಶಪುರ, 7:13
ಸರ್ಜನ್‌ಗಳಾ, ಇನ್ನು ಯಾರನ್ನಾದ್ರೂ ಬೈಪಾಸ್‌ಗೆ ಬರೆಯೋ ಮುಂಚೆ ಇದನ್ನ ಓದ್ಕೊಳ್ಳಿ.

ಗಿರೀಶ ಹಾಸನ ಸರ್ಜರಿ, 7:20
ಕಾಫಿ ಕುಡಿಯೋಕೂ ಬಿಡಲ್ವಲ್ಲೋ. ಅದು ಬಾಸಿಲ್-2 ಟ್ರಯಲ್, 2023ರ ಲ್ಯಾನ್ಸೆಟ್ ಜರ್ನಲ್. ಅದಕ್ಕೂ ಮುಂಚೆ 2022ರ ನವೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬೆಸ್ಟ್-ಸಿಎಲ್‌ಐ ಅನ್ನೋ ಇನ್ನೊಂದು ಟ್ರಯಲ್ ಬಂತು, ಅದು ಪೂರ್ತಿ ಉಲ್ಟಾ ಹೇಳುತ್ತೆ. ಅದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ. ಅಲ್ಲಿ 1830 ಜನ, ಇಲ್ಲಿ 345. ಯಾವುದು ದೊಡ್ಡದು ಅಂತ ನೀನೇ ಹೇಳು.

ಮಂಜ ಸಕಲೇಶಪುರ, 7:22
ತಲೆ ಎಣಿಸಿ ಗೆಲ್ಲೋಕೆ ಇದೇನು ಪಂಚಾಯ್ತಿ ಎಲೆಕ್ಷನ್ನಾ?

ಶೈಲಾ ಚಿಕ್ಕಮಗಳೂರು ಮೆಡಿಸಿನ್, 7:31
ಮಂಜ, ಆ ಫಾರ್ವರ್ಡ್‌ನಲ್ಲಿ ಬಿಟ್ಟಿರೋದನ್ನ ನೋಡು. ಬಾಸಿಲ್-2ರಲ್ಲಿ ಎಣಿಸಿದ್ದು ಎರಡನ್ನೂ ಸೇರಿಸಿ: ಪಾದದ ಕೀಲಿನಿಂದ ಮೇಲೆ ಕಾಲು ತೆಗೆದದ್ದು, ಅಥವಾ ಸಾವು. ಬೈಪಾಸ್ ಕಡೆ 63%, ಬಲೂನ್ ಕಡೆ 53%. ಕಾಲು ತೆಗೆದದ್ದನ್ನಷ್ಟೇ ಬಿಡಿಸಿ ನೋಡಿದ್ರೆ 20 ಮತ್ತು 18, ಅಂದ್ರೆ ಹೆಚ್ಚುಕಮ್ಮಿ ಒಂದೇ. ಅಂತರ ಎಲ್ಲ ಸಾವಿನಿಂದ ಬಂದಿದ್ದು, 53ಕ್ಕೆ 45. ಮೊದಲ 30 ದಿನದ ಸಾವು 6% ಮತ್ತು 3%. ಮಿಕ್ಕ ಸಾವುಗಳೆಲ್ಲ ಆಮೇಲಿನವು. ಅದನ್ನ ಪೂರ್ತಿ ಆಪರೇಷನ್ ಟೇಬಲ್ ಮೇಲೆ ಹೊರಿಸೋಕೆ ಆಗಲ್ಲ ಮಾರಾಯ.

ಮಂಜ ಸಕಲೇಶಪುರ, 7:34
ಸತ್ತವನಿಗೆ ಯಾವ ತಿಂಗಳು ಸತ್ತೆ ಅನ್ನೋದು ಮುಖ್ಯನಾ? ಬಲೂನ್ ಕಡೆ ಹೆಚ್ಚು ಜನ ಬದುಕಿದ್ದಾರೆ, ಕಾಲೂ ಅಷ್ಟೇ ಉಳಿದಿದೆ. ಹಂಗಿದ್ದಮೇಲೆ ತೊಡೆಯಿಂದ ಹಿಮ್ಮಡಿವರೆಗೆ ಯಾಕೆ ಕೊಯ್ಬೇಕು?

ಪ್ರಭು ವ್ಯಾಸ್ಕ್ಯುಲರ್, 7:50
ಇಬ್ಬರೂ ಅರ್ಧರ್ಧ ಓದಿದ್ದೀರಿ. ಬಾಸಿಲ್-2ಕ್ಕೆ ತಗೊಂಡದ್ದು ಮಂಡಿಯಿಂದ ಕೆಳಗಿನ ಆರ್ಟರಿ ತೆರೆಯಲೇಬೇಕಾದವರನ್ನ ಮಾತ್ರ. ಬೆಸ್ಟ್-ಸಿಎಲ್‌ಐಗೆ ತೊಡೆಸಂದಿಯಿಂದ ಕೆಳಗೆ ಎಲ್ಲಿ ಬ್ಲಾಕ್ ಇದ್ದವರೂ ಬಂದಿದ್ದಾರೆ. ಅದಕ್ಕಿಂತ ದೊಡ್ಡ ವಿಷಯ, ಅಲ್ಲಿ ಜನರನ್ನ ಮೊದಲೇ ಎರಡು ಗುಂಪು ಮಾಡಿದ್ರು. ಒಂದೇ ತುಂಡಿನ ಒಳ್ಳೇ ಗ್ರೇಟ್ ಸಫೀನಸ್ ವೇನ್ (ಬೈಪಾಸ್‌ಗೆ ಕೊಳವೆಯಾಗಿ ಬಳಸೋ ಕಾಲಿನ ಉದ್ದನೆ ವೇನ್) ಇರೋ 1434 ಜನ ಒಂದು ಕಡೆ, ಅದಿಲ್ಲದ 396 ಜನ ಇನ್ನೊಂದು ಕಡೆ. ವೇನ್ ಇದ್ದವರಲ್ಲಿ ಕಾಲಿನ ದೊಡ್ಡ ತೊಂದರೆ ಅಥವಾ ಸಾವು ಬೈಪಾಸ್‌ನಲ್ಲಿ 42.6%, ಬಲೂನ್–ಸ್ಟೆಂಟ್‌ನಲ್ಲಿ 57.4%. ವೇನ್ ಇಲ್ಲದವರಲ್ಲಿ 42.8 ಮತ್ತು 47.7, ಅದು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ವ್ಯತ್ಯಾಸವೇ ಅಲ್ಲ. ಹಂಗಾಗಿ ಬಲೂನೋ ಬೈಪಾಸೋ ಅಂತ ಜಗಳ ಆಡೋ ಮುಂಚೆ ಕೇಳಬೇಕಾದ್ದು, ವೇನ್ ಇದೆಯಾ?

ಗಿರೀಶ ಹಾಸನ ಸರ್ಜರಿ, 7:53
👆 ನಾನು ಹೇಳಿದ್ದೂ ಇದೇ.

ಪ್ರಭು ವ್ಯಾಸ್ಕ್ಯುಲರ್, 7:54
ಇದಲ್ಲ ಕಣೋ. ನೀನು ಬರೀ 1830 ಅಂದೆ, ಅಷ್ಟೆ. ಬೆಸ್ಟ್-ಸಿಎಲ್‌ಐನ ಗೆಲುವು ಎಲ್ಲಿಂದ ಬಂತು ನೋಡು: ವೇನ್ ಇದ್ದವರಲ್ಲಿ ದೊಡ್ಡ ಮರುಚಿಕಿತ್ಸೆ ಬೈಪಾಸ್ ಕಡೆ 9.2%, ಬಲೂನ್ ಕಡೆ 23.5%. ಮತ್ತೆ ಬಲೂನ್ ಹಾಕಿದ್ದನ್ನ ಎಣಿಸಿಲ್ಲ, ಹೊಸ ಬೈಪಾಸ್, ಗ್ರಾಫ್ಟ್ ರಿಪೇರಿ, ಗಡ್ಡೆ ತೆಗೆಯೋದು, ಕರಗಿಸೋದು ಇಂಥವನ್ನ ಎಣಿಸಿದ್ದು. ಬಲೂನ್ ಗುಂಪಿನಲ್ಲಿ ನೂರಕ್ಕೆ ಸುಮಾರು 15 ಜನಕ್ಕೆ ಮೊದಲ ಪ್ರಯತ್ನವೇ ಕೈಕೊಟ್ಟಿದೆ. ವೈರ್ ಬ್ಲಾಕ್ ದಾಟಲಿಲ್ಲ ಅಂತ ಅವರನ್ನ ಬೈಪಾಸ್‌ಗೆ ಒಯ್ದರೆ ಅದೂ ಬಲೂನಿನ ಖಾತೆಗೇ ಜಮಾ. ಯಾರಿಗೆ ಯಾವ ಚಿಕಿತ್ಸೆ ಆಗಿದೆ ಅಂತ ಡಾಕ್ಟರ್‌ಗೆ ಗೊತ್ತಿರೋ ಟ್ರಯಲ್ ಬೇರೆ. ಆದರೂ ಕಾಲು ತೆಗೆದದ್ದು 10.4ಕ್ಕೆ 14.9. ಅದನ್ನ ತಳ್ಳಿಹಾಕೋಕೆ ಆಗಲ್ಲ.

ಮಂಜ ಸಕಲೇಶಪುರ, 8:05
ಸರಿ, ಒಪ್ಪಿದೆ. ನಮ್ಮ ಕಡೆ ತೋಟದವರು ಬರೋದೇ ಬೆರಳು ಕಪ್ಪಾದಮೇಲೆ. ಇಂಬಳ ಕಚ್ಚಿದ್ದು ಮಾಯಲಿಲ್ಲ ಅಂತ ಎರಡು ತಿಂಗಳು ಅರಿಸಿನ ಮೆತ್ತಿಕೊಂಡಿರ್ತಾರೆ, ಅದರ ಮೇಲೆ ಗಂಬೂಟು. ಅವರಿಗೆ ಈ ಪರ್ಸೆಂಟ್ ಹೇಳಿ ಏನು ಮಾಡ್ಲಿ? ಎಬಿಐ (ಕಾಲಿನ ಪ್ರೆಷರನ್ನ ತೋಳಿನದರಿಂದ ಭಾಗಿಸಿದ ಅಂಕಿ) ನೋಡಿದ್ರೆ 1.1 ಬರುತ್ತೆ. ನಾರ್ಮಲ್.

ಶೈಲಾ ಚಿಕ್ಕಮಗಳೂರು ಮೆಡಿಸಿನ್, 8:07
ಶುಗರ್ ಇದ್ಯಾ ಅವರಿಗೆ? ಹಂಗಾದ್ರೆ ಆ 1.1ನ್ನ ನಂಬಬೇಡ. ಆರ್ಟರಿ ಗೋಡೆಗೆ ಸುಣ್ಣ ಕೂತಿರುತ್ತೆ, ಕಫ್ ಎಷ್ಟು ಬಿಗಿದರೂ ಅಮುಕಲ್ಲ. ಒಳಗೆ ರಕ್ತ ಇಲ್ಲದಿದ್ರೂ ಯಂತ್ರದಲ್ಲಿ ಪ್ರೆಷರ್ ಚೆನ್ನಾಗೇ ಕಾಣುತ್ತೆ. 1.4 ದಾಟಿದ್ರೆ ಎಲ್ಲರಿಗೂ ಅನುಮಾನ ಬರುತ್ತೆ. ಈ 0.9ರಿಂದ 1.3ರ ಮಧ್ಯೆ ಬಿದ್ದವರೇ ಕೈತಪ್ಪಿ ಹೋಗೋದು. ಕಿಡ್ನಿ ಕೈಕೊಟ್ಟವರಲ್ಲೂ ಇದೇ ಕಥೆ.

ಪ್ರಭು ವ್ಯಾಸ್ಕ್ಯುಲರ್, 8:15
ಎಬಿಐ ತೆಗೆಯೋದರಲ್ಲೇ ಅರ್ಧ ಜನ ತಪ್ಪುತ್ತಾರೆ. ರೋಗಿಯನ್ನ 10 ನಿಮಿಷ ಅಂಗಾತ ಮಲಗಿಸಬೇಕು. ಬಂದ ಕೂಡಲೇ ನೋಡಿದ್ರೆ ನಡೆದು ಬಂದ ಕಾಲಿನ ಪ್ರೆಷರ್ ಸುಳ್ಳು ಹೇಳುತ್ತೆ. ಕಫ್ ಹಿಮ್ಮಡಿ ಗಂಟಿನ ಸ್ವಲ್ಪ ಮೇಲೆ. ಸ್ಟೆಥಾಸ್ಕೋಪ್ ಬೇಡ, 8 ಮೆಗಾಹರ್ಟ್ಸ್ ಪೆನ್ ಡಾಪ್ಲರ್ (ರಕ್ತ ಹರಿಯೋ ಸದ್ದು ಕೇಳಿಸೋ ಯಂತ್ರ), ಜೆಲ್ ಧಾರಾಳವಾಗಿ, ಪೆನ್ 45ರಿಂದ 60 ಡಿಗ್ರಿ ಓರೆ. ಕಫ್ ಉಬ್ಬಿಸು, ಸದ್ದು ನಿಂತಮೇಲೆ ಇನ್ನೂ 20–30 ಏರಿಸಿ, ನಿಧಾನಕ್ಕೆ ಇಳಿಸಿ, ಸದ್ದು ಮತ್ತೆ ಬಂದ ಅಂಕಿ ಬರೆದುಕೋ. ಪಾದದ ಮೇಲಿನದು, ಒಳಗಂಟಿನ ಹಿಂದಿನದು, ಎರಡೂ ನೋಡಿ ಜಾಸ್ತಿ ಇರೋದನ್ನ ಹಿಡಿ. ಎರಡೂ ತೋಳು ನೋಡಿ ಜಾಸ್ತಿ ಇರೋದರಿಂದ ಭಾಗಿಸು. ಕಾಲು 84, ತೋಳು 140 ಇದ್ರೆ 0.6.

ಮಂಜ ಸಕಲೇಶಪುರ, 8:17
ಸುಣ್ಣ ಕೂತವನಿಗೆ?

ಪ್ರಭು ವ್ಯಾಸ್ಕ್ಯುಲರ್, 8:24
ಹೆಬ್ಬೆರಳಿನ ಪ್ರೆಷರ್. ಬೆರಳಿನ ಆರ್ಟರಿಗೆ ಅಷ್ಟು ಸುಣ್ಣ ಕೂರಲ್ಲ. 2.5 ಸೆಂಟಿಮೀಟರ್ ಕಫ್, ತುದಿಗೆ ಫೋಟೋ ಸೆನ್ಸರ್. 30ಕ್ಕಿಂತ ಕೆಳಗಿದ್ರೆ ಗಾಯ ಮಾಯೋ ಮಾತು ಮರೆತುಬಿಡು, ಡ್ರೆಸ್ಸಿಂಗ್ ಮಾಡ್ತಾ ಕೂರದೆ ಕಳಿಸು. 60 ಇದ್ರೆ ಉಸಿರಾಡಬಹುದು.

ಆ ಕಫ್ ನಿನ್ನ ಹತ್ರ ಇಲ್ಲ ತಾನೆ? ಇರೋ ಪೆನ್ನಲ್ಲೇ ಪೋಲ್ ಟೆಸ್ಟ್ ಮಾಡು. ಮಲಗಿರೋ ರೋಗಿಯ ಪಾದದ ಆರ್ಟರಿ ಮೇಲೆ ಪೆನ್ ಇಟ್ಟು, ಕಾಲನ್ನ ನಿಧಾನಕ್ಕೆ ಮೇಲೆತ್ತು. ಸದ್ದು ನಿಲ್ಲೋ ಎತ್ತರವನ್ನ ಹಾಸಿಗೆ ಮಟ್ಟದಿಂದ ಟೇಪಲ್ಲಿ ಅಳೆ. ಪ್ರತಿ 13 ಸೆಂಟಿಮೀಟರ್‌ಗೆ 10 ಮಿಲಿಮೀಟರ್ ಪಾದರಸ. 26ಕ್ಕೇ ಸದ್ದು ನಿಂತ್ರೆ ಅಲ್ಲಿನ ಪ್ರೆಷರ್ ಸುಮಾರು 20. ಗೋಡೆಗೆ ಎಷ್ಟೇ ಸುಣ್ಣ ಇರಲಿ, ಎತ್ತರದ ಲೆಕ್ಕ ತಪ್ಪಲ್ಲ. ಕಾಲಿನ ಉದ್ದ ಎಷ್ಟೋ ಅಷ್ಟೇ ಎತ್ತೋಕಾಗೋದು, ಅದಕ್ಕೆ 60ರ ಆಚೆಗಿನದು ಇದರಲ್ಲಿ ಗೊತ್ತಾಗಲ್ಲ. ಆದ್ರೆ ನಿನಗೆ ಬೇಕಾದ್ದು ಕೆಳಗಿನ ಅಂಕಿನೇ ತಾನೆ.

ಗಿರೀಶ ಹಾಸನ ಸರ್ಜರಿ, 8:30
ಇದನ್ನ ಪಿನ್ ಮಾಡ್ರಪ್ಪ. ಫಾರ್ವರ್ಡ್‌ಗಿಂತ ಇದು ವಾಸಿ.

ಮಂಜ ಸಕಲೇಶಪುರ, 8:33
ಹೊಸ ಕರಗೋ ಸ್ಟೆಂಟ್ ಬಂದಿದೆಯಲ್ಲ, ಅದು ಬಂದ್ರೆ ನಿಮ್ಮ ವೇನ್ ಪುರಾಣ ಮುಗೀತು.

ಪ್ರಭು ವ್ಯಾಸ್ಕ್ಯುಲರ್, 8:41
ಲೈಫ್-ಬಿಟಿಕೆ ಟ್ರಯಲ್, 2023. 261 ಜನ, ಎವೆರೊಲಿಮಸ್ ಔಷಧ ಲೇಪಿಸಿದ ಕರಗೋ ಸ್ಕ್ಯಾಫೋಲ್ಡು (ಸ್ಟೆಂಟಿನಂಥ ಜಾಲರಿ), ವರ್ಷದ ಕೊನೆಗೆ ಕಾಲೂ ಉಳಿದು ನಾಳವೂ ತೆರೆದಿದ್ದವರು 74%, ಬರೀ ಬಲೂನ್‌ಗೆ 44%. ಚೆನ್ನಾಗಿದೆ. ಆದ್ರೆ ಆರಿಸಿ ಆರಿಸಿ ತಗೊಂಡ ರೋಗಿಗಳು, ಬ್ಲಾಕೂ ಗಿಡ್ಡವು. ಪಾದ ಅರ್ಧ ಕೊಳೆತು, ಮಂಡಿಯಿಂದ ಪಾದದವರೆಗೆ ಸುಣ್ಣದ ಕಡ್ಡಿ ಆಗಿರೋನಿಗೆ ಅದನ್ನ ಒಪ್ಪಿಸಬೇಡ. ಪ್ಯಾಕ್ಲಿಟ್ಯಾಕ್ಸೆಲ್ ಔಷಧ ಲೇಪಿಸಿದ ಬಲೂನಿಗೂ ಇಂಥದ್ದೇ ಸಂಭ್ರಮ ಇತ್ತು. 2018ರಲ್ಲಿ ಸಾವು ಹೆಚ್ಚುತ್ತೆ ಅಂತ ಗಲಾಟೆ, 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ವಾಪಸ್. 2025ರಲ್ಲಿ ಸ್ವೀಡನ್ನಿನ ಸ್ವೀಡ್‌ಪ್ಯಾಡ್ ಟ್ರಯಲ್ ಬಂತು, ಗಾಯ ಆದ ಕಾಲು ಉಳಿಸೋದರಲ್ಲಿ ಔಷಧದ ಲೇಪದಿಂದ ಲಾಭ ಕಾಣಲಿಲ್ಲ.

ಶೈಲಾ ಚಿಕ್ಕಮಗಳೂರು ಮೆಡಿಸಿನ್, 8:48
ಒಂದು ಮಾತು. ಬೀಡಿ ಸೇದೋ 35ರ ಹುಡುಗ, ಶುಗರ್ ಇಲ್ಲ, ಬೆರಳು ಕಪ್ಪು, ಅಂಥವನಿಗೆ ಈ ಯಾವ ಟ್ರಯಲ್ಲೂ ಅನ್ವಯಿಸಲ್ಲ. ಅದು ಬರ್ಜರ್ಸ್, ತಂಬಾಕಿನಿಂದ ಬರೋ ರಕ್ತನಾಳದ ಕಾಯಿಲೆ. ಅದರಲ್ಲಿ ವೇನ್‌ಗಳೇ ಉರಿಯೂತ ಬಂದು ಕೆಟ್ಟಿರ್ತವೆ, ಬೈಪಾಸ್‌ಗೆ ವೇನೂ ಸಿಗಲ್ಲ, ಹೊಲಿಯೋಕೆ ಕೆಳಗೆ ಆರ್ಟರಿಯೂ ಸಿಗಲ್ಲ. ಬೀಡಿ ಬಿಡಿಸೋದೇ ಚಿಕಿತ್ಸೆ. ಕಡಿಮೆ ಮಾಡಿಸೋದಲ್ಲ, ಪೂರ್ತಿ ಬಿಡಿಸೋದು.

ಲತಾ ರೇಡಿಯಾಲಜಿ ಹಾಸನ, 9:02
ವೇನ್ ವೇನ್ ಅಂತ ಇಷ್ಟು ಮಾತಾಡಿದ್ರಲ್ಲ, ಆ ವೇನನ್ನ ಹಾಳು ಮಾಡೋರು ಯಾರು? ಶುಗರ್ ಪೇಷೆಂಟ್ ಕಾಲಿಗೆ ಡ್ರಿಪ್ ಚುಚ್ಚೋರು ನೀವೇ. ಒಳಗಂಟಿನ ಮುಂದೆ, ಸ್ವಲ್ಪ ಮೇಲೆ, ಕಟ್‌ಡೌನ್ (ಚರ್ಮ ಕೊಯ್ದು ವೇನ್‌ಗೆ ಡ್ರಿಪ್ ಹಾಕೋದು) ಮಾಡೋದು ಎಲ್ಲಿ? ಅದೇ ಸಫೀನಸ್ ಮೇಲೆ. ಗಿರೀಶ, ನಿನ್ನ ವೆರಿಕೋಸ್ (ಉಬ್ಬಿದ ವೇನ್) ಲೇಸರ್ ಲಿಸ್ಟಲ್ಲೂ ಪಾದದ ನಾಡಿ ಎಷ್ಟು ಜನಕ್ಕೆ ಬರೆದಿರ್ತಾರೆ?

ಗಿರೀಶ ಹಾಸನ ಸರ್ಜರಿ, 9:05
ಬರೀತೀವಿ ಕಣೇ. ವಾಲ್ವ್ ಕೆಟ್ಟು ಹಾವಿನ ಹಂಗೆ ಸುತ್ತಿಕೊಂಡಿರೋ ವೇನ್ ಬೈಪಾಸ್‌ಗೆ ಬರುತ್ತಾ?

ಲತಾ ರೇಡಿಯಾಲಜಿ ಹಾಸನ, 9:09
ಸುತ್ತಿಕೊಂಡಿರೋದು ಅದರ ಕೊಂಬೆ. ತೊಡೆಯ ಮುಖ್ಯ ವೇನ್ ಎಷ್ಟೋ ಸಲ ನೆಟ್ಟಗೇ ಇರುತ್ತೆ. ಸಿಗರೇಟ್ ಸೇದೋ ಶುಗರ್‌ನವನಿಗೆ ಅದನ್ನ ಸುಟ್ಟಮೇಲೆ ಮುಂದೆ ಬೇಕಾದ್ರೆ ಎಲ್ಲಿಂದ ತರ್ತೀಯ? ಆಮೇಲೆ ಬಿಗಿ ಸ್ಟಾಕಿಂಗ್ ಬೇರೆ. ಎಬಿಐ 0.5ಕ್ಕಿಂತ ಕೆಳಗಿರೋ ಕಾಲಿಗೆ ಅದನ್ನ ಏರಿಸಿದ್ರೆ ಚರ್ಮವೇ ಸಾಯುತ್ತೆ.

ಗಿರೀಶ ಹಾಸನ ಸರ್ಜರಿ, 9:12
ಸ್ಟಾಕಿಂಗ್ ಮಾತು ಒಪ್ಪಿದೆ. ಲೇಸರ್ ಮಾತು ಫೋನಲ್ಲಿ ಆಡೋಣ.

ಶೈಲಾ ಚಿಕ್ಕಮಗಳೂರು ಮೆಡಿಸಿನ್, 9:20
ಬಲೂನ್ ಆಗ್ಲಿ ಬೈಪಾಸ್ ಆಗ್ಲಿ, ವಾಪಸ್ ಬರೋದು ನಮ್ಮ ಹತ್ರಾನೇ. ಸ್ಟ್ಯಾಟಿನ್ (ಕೊಲೆಸ್ಟರಾಲ್ ಮಾತ್ರೆ) ಇಲ್ಲದ ಡಿಸ್ಚಾರ್ಜ್ ಚೀಟಿ ಕಂಡ್ರೆ ನಂಗೆ ತಡೆಯಲ್ಲ. ಇನ್ನೊಂದು ರಿವರೊಕ್ಸಬಾನ್, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಮಾತ್ರೆ: ವಾಯೇಜರ್ ಪಿಎಡಿ ಟ್ರಯಲ್, 2020, 6564 ಜನ. 2.5 ಮಿಗ್ರಾಂ ದಿನಕ್ಕೆ ಎರಡು ಸಲ, ಜೊತೆಗೆ ಆಸ್ಪಿರಿನ್. ಮೂರು ವರ್ಷಕ್ಕೆ ಕಾಲು–ಹೃದಯ–ಮೆದುಳಿನ ತೊಂದರೆ ಅದನ್ನ ತಗೊಂಡವರಲ್ಲಿ 17.3%, ಅದಿಲ್ಲದೆ ಆಸ್ಪಿರಿನ್ ತಗೊಂಡವರಲ್ಲಿ 19.9%. ದೊಡ್ಡ ರಕ್ತಸ್ರಾವ 2.65ಕ್ಕೆ 1.87, ಅದೂ ಗೊತ್ತಿರಲಿ. ತಪ್ಪಾಗೋದು ಅಂಗಡಿಯಲ್ಲಿ. 2.5 ಸಿಗಲಿಲ್ಲ ಅಂತ 10ರ ಮಾತ್ರೆ ಕೊಡ್ತಾರೆ, ಎರಡು ಸಲ ನುಂಗ್ತಾರೆ. ಜೊತೆಗೆ ಕ್ಲೊಪಿಡೊಗ್ರೆಲ್ (ಅದೂ ರಕ್ತ ಹೆಪ್ಪುಗಟ್ಟದ ಮಾತ್ರೆ) ತಿಂಗಳುಗಟ್ಟಲೆ ನಡೀತಿರುತ್ತೆ, ಯಾರೂ ನಿಲ್ಲಿಸಿರಲ್ಲ. ಚೀಟಿಯಲ್ಲಿ ‘ಎರಡೂವರೆ’ ಅಂತ ಅಕ್ಷರದಲ್ಲೂ ಬರೀರಿ, ಕ್ಲೊಪಿಡೊಗ್ರೆಲ್ ನಿಲ್ಲಿಸೋ ತಾರೀಕೂ ಹಾಕಿ.

ಮಂಜ ಸಕಲೇಶಪುರ, 9:26
ಆಯ್ತು, ಫಾರ್ವರ್ಡ್ ಡಿಲೀಟ್ ಮಾಡಿದೆ. ಈಗ ಹೇಳಿ, 70ರ ಅಜ್ಜ, ಹಾರ್ಟ್ ಪಂಪಿಂಗ್ 30%, ಮಂಡಿ ಕೆಳಗೆ ಬ್ಲಾಕು, ವೇನ್ ಬೊಂಬಾಟ್. ಏನು ಬರೀಲಿ?

ಪ್ರಭು ವ್ಯಾಸ್ಕ್ಯುಲರ್, 9:29
ಬಲೂನ್. ಬಾಸಿಲ್-2 ಹೆಚ್ಚುಕಮ್ಮಿ ಇವನ ಬಗ್ಗೇನೇ. ಅದೇ 58ರ ಗಟ್ಟಿ ಆಳು, ತೊಡೆಯ ಆರ್ಟರಿ ಉದ್ದಕ್ಕೂ ಮುಚ್ಚಿದೆ, ವೇನ್ 3 ಮಿಲಿಮೀಟರ್‌ಗಿಂತ ದಪ್ಪ ಅಂದ್ರೆ ಬೈಪಾಸ್ ಮೊದಲು.

ಗಿರೀಶ ಹಾಸನ ಸರ್ಜರಿ, 9:31
ಅಜ್ಜನಿಗೆ ಬಲೂನ್ ಸೋತ್ರೆ?

ಪ್ರಭು ವ್ಯಾಸ್ಕ್ಯುಲರ್, 9:32
ಆಗ ಮತ್ತೆ ಲತಾ ರಿಪೋರ್ಟೇ ಬೇಕು. ಅದಕ್ಕೇ ವೇನ್ ಮ್ಯಾಪಿಂಗ್ (ಸ್ಕ್ಯಾನ್ ಮಾಡಿ ವೇನ್ ಅಳೆದು ಗುರುತಿಸೋದು) ಎಲ್ಲರಿಗೂ ಮೊದಲೇ ಮಾಡಿಸಿ ಅನ್ನೋದು.

ಲತಾ ರೇಡಿಯಾಲಜಿ ಹಾಸನ, 9:40
ಫಾರಂನಲ್ಲಿ ಬರೀ ‘ಡಾಪ್ಲರ್ ಕಾಲು’ ಅಂತ ಬರೆದ್ರೆ ಆರ್ಟರಿ ನೋಡಿ ಕಳಿಸ್ತೀವಿ. ‘ಎರಡೂ ಕಾಲಿನ ವೇನ್ ಮ್ಯಾಪಿಂಗ್’ ಅಂತ ಬೇರೆ ಬರೀರಿ. ಹಾರ್ಟ್ ಬೈಪಾಸ್‌ಗೆ ಒಂದು ಕಾಲಿಂದು ತೆಗೆದಿದ್ರೆ ಅದನ್ನೂ ಬರೀರಿ. ಕಾಲಿಂದು ಸಾಲದೆ ಹೋದ್ರೆ ತೋಳಿನ ವೇನ್ ಬೇಕಾಗುತ್ತೆ, ಅದಕ್ಕೆ ಒಂದು ತೋಳಿಗಾದ್ರೂ ಸೂಜಿ ಚುಚ್ಚದೆ ಬಿಟ್ಟು ಕಳಿಸಿ. ತೊಡೆಸಂದಿ, ತೊಡೆ ಮಧ್ಯ, ಮಂಡಿ, ಮೀನಖಂಡ, ಗಂಟು, ಐದೂ ಕಡೆ ಅಳತೆ ಕೊಡ್ತೀನಿ, ಮಾರ್ಕರ್‌ನಲ್ಲಿ ಗೆರೆಯೂ ಎಳೀತೀನಿ. ಆಪರೇಷನ್ ಹಿಂದಿನ ದಿನ ಸೋಪಲ್ಲಿ ಉಜ್ಜಿ ಅಳಿಸಬೇಡಿ.

ಲತಾ ರೇಡಿಯಾಲಜಿ ಹಾಸನ, 9:42
ಮತ್ತೆ ಮಂಜ, ನಿಮ್ಮ ಕಡೆಯವರನ್ನ ಬೆಳಗಿನ ಮೊದಲ ಬಸ್ಸಿಗೆ ಬರೀ ಹೊಟ್ಟೆಯಲ್ಲಿ ಕಳಿಸಬೇಡ. ಇದಕ್ಕೆ ಉಪವಾಸ ಬೇಕಿಲ್ಲ. ಚಳಿಗೆ ನಡುಗ್ತಾ, ನೀರೂ ಕುಡೀದೆ ಬಂದವನ ವೇನ್ 2 ಮಿಲಿಮೀಟರ್ ಕಾಣುತ್ತೆ, ಕಂಬಳಿ ಹೊದಿಸಿ ನೀರು ಕುಡಿಸಿ ಕಾಲು ಇಳಿಬಿಟ್ಟು ಕೂರಿಸಿದ್ರೆ ಅದೇ ವೇನ್ 3 ದಾಟಬಹುದು. ತಿಂಡಿ ತಿಂದ್ಕೊಂಡು 11 ಗಂಟೆಗೆ ಬರಲಿ.

ಮಂಜ ಸಕಲೇಶಪುರ, 9:43
👍 ಮಂಗಳವಾರ ಇಬ್ಬರು ಬರ್ತಾರೆ. ಕಂಬಳಿ ಅವರದೇ ತರ್ತಾರೆ.