43 ಇಂಚ್ ಟಿವಿ ತಗೊಂಡ್ವಿ, ಸಿನಿಮಾ ಹಾಕಿದ್ರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತೆ, ಏನ್ ಮಾಡೋದು?

ತುಮ್ಕೂರ್_ಹುಡ್ಗ:

ಎಲ್ರಿಗೂ ನಮಸ್ಕಾರ. ಅಪ್ಪ ರಿಟೈರ್ ಆದ್ರು, ಆಸೆಪಟ್ಟು ಹೋದ್ ತಿಂಗ್ಳು 43 ಇಂಚ್ ಟಿವಿ ತಗೊಂಡ್ವಿ. ಸೀರಿಯಲ್ಲು ಕ್ರಿಕೆಟ್ಟು ಎಲ್ಲಾ ಸ್ಕ್ರೀನ್ ತುಂಬಾ ಬರುತ್ತೆ, ಆದ್ರೆ ಆಪಲ್ಲಿ ಸಿನಿಮಾ ಹಾಕಿದ ತಕ್ಷಣ ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ. ಅಪ್ಪ ಟೇಪ್ ತಂದು ಅಳೆದೇ ಬಿಟ್ರು, ಒಂದೊಂದು ಪಟ್ಟಿ ಹತ್ತತ್ರ 7 ಸೆಂ.ಮೀ. ಇದೆ, ಸ್ಕ್ರೀನಿನ ಎತ್ತರನೇ ಇರೋದು 53 ಸೆಂ.ಮೀ. "ಕಾಲು ಭಾಗ ಟಿವಿ ಸುಮ್ನೆ ಬಿದ್ದಿದೆಯಲ್ಲೋ, ದುಡ್ಡು ಮಾತ್ರ ಪೂರ್ತಿ ಕೊಟ್ಟಿದೀವಿ" ಅಂತಾರೆ. ಅಂಗಡಿಯವ್ರಿಗೆ ಫೋನ್ ಮಾಡಿದ್ರೆ ಝೂಮ್ ಹಾಕ್ಕೊಳ್ಳಿ ಸರ್ ಅಂದ್ರು. ಹಾಕಿದ್ರೆ ಪಟ್ಟಿ ಹೋಗುತ್ತೆ, ಆದ್ರೆ ಏನೋ ಸರಿ ಇಲ್ಲ ಅನ್ಸುತ್ತೆ. ಇನ್ನೂ ವಿಚಿತ್ರ ಅಂದ್ರೆ ಅಣ್ಣಾವ್ರ ಹಳೇ ಪಿಕ್ಚರ್ ಹಾಕಿದ್ರೆ ಪಟ್ಟಿ ಎಡಕ್ಕೆ ಬಲಕ್ಕೆ ಬರುತ್ತೆ, ಕೇಬಲ್ ಬಾಕ್ಸಲ್ಲಿ ಕೆಲವು ಸಲ ನಾಲ್ಕೂ ಕಡೆ! ಟಿವಿನೇ ತೊಂದ್ರೆನಾ, ವಾಪಸ್ ಕೊಡ್ಬೇಕಾ?

ಎಡಿಟಿಂಗ್_ಟೇಬಲ್:

ವಾಪಸ್ ಕೊಡ್ಬೇಡಿ, ಟಿವಿ ಚೆನ್ನಾಗಿದೆ. ನಿಮ್ಮಪ್ಪ ಅಳೆದಿದ್ದು ಕರೆಕ್ಟಾಗೇ ಇದೆ. ಈಗಿನ ಟಿವಿ ಎಲ್ಲಾ 16:9, ಅಂದ್ರೆ ಎತ್ತರ 1 ಇದ್ರೆ ಅಗಲ 1.78. ಸ್ಕೋಪ್ ಸಿನಿಮಾ, ಅಂದ್ರೆ ಅಗಲ ಪರದೆಗೆ ಅಂತ ತೆಗೆದಿರೋದು, 2.39, ಅದಕ್ಕಿಂತ ತುಂಬಾ ಅಗಲ. ನಿಮ್ಮ ಟಿವಿ ಸುಮಾರು 95 ಸೆಂ.ಮೀ. ಅಗಲ ಇರುತ್ತೆ, ಅದನ್ನ 2.39ರಿಂದ ಭಾಗ ಮಾಡಿದ್ರೆ ಚಿತ್ರದ ಎತ್ತರ ಸುಮಾರು 40 ಬರುತ್ತೆ, ಉಳಿದ 13 ಚಿಲ್ಲರೆ ಮೇಲೆ ಕೆಳಗೆ ಹಂಚಿಹೋಗುತ್ತೆ. ಅಲ್ಲಿ ತೋರಿಸೋಕೆ ಏನೂ ಇಲ್ಲ, ಅದಕ್ಕೇ ಕಪ್ಪು. 1.85ರಲ್ಲಿ ತೆಗೆದ ಸಿನಿಮಾ ಹಾಕಿ ನೋಡಿ, ಪಟ್ಟಿ ಒಂದೇ ಒಂದು ಸೆಂ.ಮೀ. ಇರುತ್ತೆ, ಗೊತ್ತೇ ಆಗಲ್ಲ.

ಝೂಮ್ ಹಾಕಿದ್ರೆ ಸರಿ ಇಲ್ಲ ಅನ್ಸಿದ್ದು ಯಾಕೆ ಅಂದ್ರೆ, ಎತ್ತರ ತುಂಬಿಸೋಕೆ ಚಿತ್ರನ ಹಿಗ್ಗಿಸಿದಾಗ ಅಗಲದಲ್ಲಿ ಕಾಲು ಭಾಗ ಸ್ಕ್ರೀನಿಂದ ಆಚೆ ಹೋಗುತ್ತೆ. ಇಬ್ರು ಎದುರುಬದುರು ನಿಂತು ಮಾತಾಡೋ ಸೀನಲ್ಲಿ ಪಾಸ್ ಮಾಡಿ ಝೂಮ್ ಆನ್ ಆಫ್ ಮಾಡಿ ನೋಡಿ. ಎಡಗಡೆಯವ್ನ ಅರ್ಧ ಮುಖ, ಬಲಗಡೆಯವ್ನ ಮೂಗು ಅಷ್ಟೇ ಉಳಿಯುತ್ತೆ, ಮಧ್ಯದಲ್ಲಿ ಖಾಲಿ ಗೋಡೆ. ಕ್ಯಾಮೆರಾಮ್ಯಾನ್ ಕೂತ್ಕೊಂಡು ಯೋಚ್ನೆ ಮಾಡಿ ಇಟ್ಟ ಫ್ರೇಮ್ ಅದು. ನಾನು ದಿನಾ ಇದೇ ಕೆಲಸದಲ್ಲಿರೋನು, ಆ ಅಂಚುಗಳಿಗೆ ಎಷ್ಟು ತಲೆ ಕೆಡಿಸ್ಕೊಳ್ತಾರೆ ಅಂತ ಕಣ್ಣಾರೆ ನೋಡಿದೀನಿ.

ರೀಲ್_ಆಪರೇಟರ್:

ನಾನು ಥಿಯೇಟರಲ್ಲಿ ಆಪರೇಟರ್ ಆಗಿ 14 ವರ್ಷ ಇದ್ದವನು, ರೀಲ್ ಕಾಲದಲ್ಲಿ. ನಿಮ್ಮ ತಂದೆಯವರಿಗೆ ಹೀಗೆ ಹೇಳಿ, ಅವ್ರಿಗೆ ನೆನಪಿರುತ್ತೆ. ಆಗ ಪೋಸ್ಟರ್ ಮೇಲೆ "ಸಿನಿಮಾಸ್ಕೋಪ್" ಅಂತ ದಪ್ಪಕ್ಷರದಲ್ಲಿ ಹಾಕ್ತಿದ್ರಲ್ಲ, ಅದೇ ಇದು. ಅಮೆರಿಕದಲ್ಲಿ ಮನೆಮನೆಗೆ ಟಿವಿ ಬಂದು ಥಿಯೇಟರ್ ಖಾಲಿ ಹೊಡೀತಿದ್ದಾಗ ಜನರನ್ನ ವಾಪಸ್ ಕರೆಯೋಕೆ 1953ರಲ್ಲಿ ಇದನ್ನ ತಂದ್ರು. ಹಿಂದಿಗೆ 1959ರಲ್ಲಿ ಕಾಗಜ್ ಕೆ ಫೂಲ್‌ನಿಂದ ಬಂತು, ಕನ್ನಡಕ್ಕೆ 1977ರಲ್ಲಿ ಸೊಸೆ ತಂದ ಸೌಭಾಗ್ಯದಿಂದ. ಬಂಗಾರದ ಮನುಷ್ಯ 1972ರದ್ದು, ಅದಕ್ಕೇ ಅಣ್ಣಾವ್ರ ಆ ಕಾಲದ ಪಿಕ್ಚರೆಲ್ಲಾ ಹೆಚ್ಚುಕಮ್ಮಿ ಚೌಕ, ಅಗಲ 4 ಇದ್ರೆ ಎತ್ತರ 3 ಅಂದ್ಕೊಳ್ಳಿ. ಅಗಲದ ಟಿವಿಲಿ ಅದನ್ನ ಇಟ್ರೆ ಪಕ್ಕದಲ್ಲಿ ಜಾಗ ಉಳಿಯುತ್ತೆ, ಅಷ್ಟೇ.

ಸ್ಕೋಪ್ ಪ್ರಿಂಟ್ ಕೈಲಿ ಹಿಡ್ಕೊಂಡು ಬೆಳಕಿಗೆ ನೋಡಿದ್ರೆ ಎಲ್ರೂ ಕಡ್ಡಿ ಥರ ಉದ್ದುದ್ದ ಕಾಣ್ತಾರೆ, ಮುಖ ಮೊಟ್ಟೆ ಥರ. ಶೂಟಿಂಗಲ್ಲೇ ಲೆನ್ಸು ಚಿತ್ರನ ಅಡ್ಡಕ್ಕೆ ಅರ್ಧಕ್ಕೆ ಅಮುಕಿರುತ್ತೆ, ನಾವು ಪ್ರೊಜೆಕ್ಟರಿಗೆ ಸ್ಕೋಪ್ ಲೆನ್ಸ್ ಹಾಕಿದಾಗ ಎರಡರಷ್ಟು ಬಿಡಿಸ್ಕೊಳ್ಳುತ್ತೆ. ಮಾಮೂಲಿ ಪಿಕ್ಚರ್ ಬಂದ್ರೆ ಆ ಲೆನ್ಸ್ ತೆಗೆದು ಪರದೆಯ ಎರಡೂ ಪಕ್ಕಕ್ಕೆ ಕಪ್ಪು ಬಟ್ಟೆ ಎಳೀತಿದ್ವಿ. ಆವಾಗ್ಲೂ ಕಪ್ಪು ಇತ್ತು, ಬಟ್ಟೆ ರೂಪದಲ್ಲಿ, ಯಾರೂ ಬೇಜಾರು ಮಾಡ್ಕೊಳ್ಳಲಿಲ್ಲ.

ದಯವಿಟ್ಟು ಹಳೇ ಪಿಕ್ಚರನ್ನ ಸ್ಟ್ರೆಚ್ ಮಾಡಿ ನೋಡ್ಬೇಡಿ. ಮೂರರಲ್ಲಿ ಒಂದು ಪಾಲು ಅಗಲ ಆಗ್ಬಿಡುತ್ತೆ, ಅಣ್ಣಾವ್ರ ಮುಖ ಊದ್ಕೊಂಡಂಗೆ ಕಾಣುತ್ತೆ. ನನಗೆ ನೋಡೋಕೇ ಆಗಲ್ಲ.

ಮಲ್ನಾಡ್_ಮಳೆ:

ನಾನು ಝೂಮ್ ಹಾಕೇ ನೋಡೋದು. ಅಮ್ಮಂಗೆ ಕಣ್ಣು ಮಂಜು, 32 ಇಂಚ್ ಟಿವಿ, ಪಟ್ಟಿ ಇದ್ರೆ ಮುಖಗಳು ಅವ್ರಿಗೆ ತುಂಬಾ ಚಿಕ್ಕದಾಗಿ ಕಾಣುತ್ತೆ. ತಪ್ಪಾ ಅದು? ಅಲ್ಲ, ಟಿವಿನೇ 2.39 ಮಾಡ್ಬೋದಿತ್ತಲ್ಲ ಕಂಪ್ನಿಗಳು?

ಎಡಿಟಿಂಗ್_ಟೇಬಲ್:

ಅಮ್ಮಂಗೆ ಹಾಗೇ ಕಾಣೋದಾದ್ರೆ ಹಾಗೇ ಹಾಕಿ, ಖಂಡಿತ ತಪ್ಪಲ್ಲ. ಸಬ್‌ಟೈಟಲ್ ಮಾತ್ರ ಕೆಳಗಿನ ಪಟ್ಟಿಲಿ ಬರೋ ಪಿಕ್ಚರಾದ್ರೆ ಅದು ಕಟ್ ಆಗುತ್ತೆ, ನೋಡ್ಕೊಳ್ಳಿ. 2.39 ಟಿವಿ ಮಾಡಿದ್ರೆ ನ್ಯೂಸು, ಸೀರಿಯಲ್ಲು, ಕ್ರಿಕೆಟ್ಟಿಗೆ ಪಕ್ಕದಲ್ಲಿ ಕಪ್ಪು ಬರುತ್ತೆ, ಅಣ್ಣಾವ್ರ ಪಿಕ್ಚರಿಗಂತೂ ಅರ್ಧದ ಹತ್ರ ಖಾಲಿ. 16:9 ಅನ್ನೋದು ಒಂಥರಾ ಪಂಚಾಯ್ತಿ ತೀರ್ಮಾನ. 1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಅನ್ನೋ ಇಂಜಿನಿಯರ್ ಬೇರೆಬೇರೆ ಆಕಾರದ ಚೌಕಟ್ಟುಗಳನ್ನ ಒಂದೇ ವಿಸ್ತೀರ್ಣಕ್ಕೆ ತಂದು ಒಂದರ ಮೇಲೊಂದು ಇಟ್ಟು ನೋಡಿದಾಗ, ಹೆಚ್ಚುಕಮ್ಮಿ 1.78ರ ಚೌಕಟ್ಟಲ್ಲಿ ಎಲ್ಲಾ ಸರಿಯಾಗಿ ಕೂತ್ಕೊಳ್ತು. ಹಳೇ ಚೌಕಕ್ಕೂ ಸ್ಕೋಪಿಗೂ ನಡುವಿನ ಜಾಗ ಅದು, ಯಾರಿಗೂ ಪೂರ್ತಿ ಅನ್ಯಾಯ ಆಗಲ್ಲ.

ತುಮ್ಕೂರ್ ಅವ್ರೇ, ನಾಲ್ಕೂ ಕಡೆ ಕಪ್ಪು ಬರೋದು ಮಾತ್ರ ನಿಜವಾಗ್ಲೂ ತಪ್ಪು, ಅದನ್ನ ಸರಿಮಾಡ್ಬೋದು. ಕೇಬಲ್ ಬಾಕ್ಸಿನ ಸೆಟ್ಟಿಂಗ್ಸಲ್ಲಿ ಡಿಸ್‌ಪ್ಲೇಗೆ ಹೋಗಿ, 4:3 ಅಂತ ಇರ್ಬೇಕು, 16:9 ಮಾಡಿ. ಆಮೇಲೆ ಟಿವಿ ಮೆನುಲಿ ಪಿಕ್ಚರ್ ಸೈಝ್ ಒರಿಜಿನಲ್ ಅಥವಾ ಆಟೋ ಇಡಿ. ಕೆಲವು ಚಾನೆಲ್‌ನೋರು ಕಳಿಸೋದೇ ಹಂಗೆ ಇದ್ರೆ, ಅಂಥ ಕಡೆ ಝೂಮ್ ಹಾಕಿದ್ರೆ ಏನೂ ಕಳೆಯಲ್ಲ, ಸ್ವಲ್ಪ ಮಸುಕಾಗುತ್ತೆ ಅಷ್ಟೇ.

ತುಮ್ಕೂರ್_ಹುಡ್ಗ:

ಬಾಕ್ಸ್ 4:3 ಅಲ್ಲೇ ಇತ್ತು ಸರ್, ಬದಲಾಯಿಸ್ದೆ, ಈಗ ನಾಲ್ಕು ಕಡೆ ಪಟ್ಟಿ ಹೋಯ್ತು! ಪಾಸ್ ಮಾಡಿ ಝೂಮ್ ಆನ್ ಆಫ್ ಮಾಡಿ ಅಪ್ಪಂಗೆ ತೋರಿಸ್ದೆ, ಮದುವೆ ಸೀನು, ಆಫ್ ಮಾಡಿದ್ರೆ ಬಾಗಿಲ ಹತ್ರ ಒಂದು ಹೆಂಗಸು ಕಣ್ಣೊರೆಸ್ಕೊಳ್ತಾ ನಿಂತಿರೋದು ಕಾಣುತ್ತೆ, ಆನ್ ಮಾಡಿದ್ರೆ ಅವ್ರೇ ಇಲ್ಲ. ಅಪ್ಪ ಎರಡು ಮೂರು ಸಲ ತಾವೇ ರಿಮೋಟ್ ಒತ್ತಿ ನೋಡಿದ್ರು. ಆಮೇಲೆ ಆಪರೇಟರ್ ಸರ್ ಬರ್ದಿದ್ದು ಓದಿ ಹೇಳ್ದೆ, ಬಟ್ಟೆ ಎಳೀತಿದ್ದಿದ್ದು ಅವ್ರಿಗೆ ಚೆನ್ನಾಗಿ ನೆನಪಿದೆಯಂತೆ. ಒಂದೇ ಒಂದು ಡೌಟು, ರಾತ್ರಿ ಲೈಟ್ ಆಫ್ ಮಾಡಿದ್ರೆ ಆ ಪಟ್ಟಿ ಪೂರ್ತಿ ಕಪ್ಪಿಲ್ಲ, ಬೂದಿ ಬಣ್ಣ ಇದೆ ಅಂತಿದಾರೆ?

ರೀಲ್_ಆಪರೇಟರ್:

ಎಲ್‌ಇಡಿ ಟಿವಿಲಿ ಹಿಂದ್ಗಡೆ ಲೈಟ್ ಉರೀತಾನೇ ಇರುತ್ತೆ, ಅದು ಸ್ವಲ್ಪ ಸೋರುತ್ತೆ. ರಾತ್ರಿ ಬ್ಯಾಕ್‌ಲೈಟ್ ಕಮ್ಮಿ ಮಾಡಿ, ಟಿವಿ ಹಿಂದಿನ ಗೋಡೆಗೆ ಬೀಳೋ ಹಂಗೆ ಒಂದು ಸಣ್ಣ ಬಲ್ಬ್ ಹಾಕಿ, ಪಟ್ಟಿ ಕಪ್ಪಗೇ ಕಾಣುತ್ತೆ.